ಸ್ಪೀಲ್‌ಬರ್ಗ್ ಸಿನಿಮಾದಿಂದ ಜಾನ್ ವಿಲಿಯಮ್ಸ್ ಸಂಗೀತ ತೆಗೆದರೆ ಏನು ಉಳಿಯುತ್ತದೆ?

ನೀವು ಎರಡು ವಿಷಯ ಕೇಳಿದ್ದೀರಿ. ಹಾಲಿವುಡ್ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಸಿನಿಮಾಗಳಲ್ಲಿ ಅರ್ಧ ಕೆಲಸ ಜಾನ್ ವಿಲಿಯಮ್ಸ್ ಅವರ ಬಿಜಿಎಂ ಮಾಡಿಬಿಡುತ್ತದೆ, ಅದನ್ನು ತೆಗೆದರೆ ಉಳಿಯುವುದೇನು ಅನ್ನುವುದು ಒಂದು. ಹೊಸ ಸಿನಿಮಾ 'ಡಿಸ್‌ಕ್ಲೋಷರ್ ಡೇ' ನೋಡುವ ಮುಂಚೆ ಹಳೆಯದರಲ್ಲಿ ಯಾವುದನ್ನು ನೋಡಲಿ ಅನ್ನುವುದು ಇನ್ನೊಂದು.

ಸಂಗೀತ ತೆಗೆದರೆ ಏನಾಗುತ್ತದೆ ಅಂತ ನಾವು ಊಹೆ ಮಾಡಬೇಕಿಲ್ಲ. ಸ್ಪೀಲ್‌ಬರ್ಗ್ ಅವರೇ ಎಷ್ಟೋ ಕಡೆ ತೆಗೆದಿದ್ದಾರೆ, ಅದೂ ಸಿನಿಮಾದ ಅತಿ ಮುಖ್ಯ ಜಾಗಗಳಲ್ಲಿ. ನನಗೆ ಇವರಿಬ್ಬರ ಜೋಡಿ ಅರ್ಥವಾಗತೊಡಗಿದ್ದೇ ಆ ಮೌನಗಳನ್ನು ಗಮನಿಸಿದ ಮೇಲೆ.

1975ರ 'ಜಾಸ್' ತೆಗೆದುಕೊಳ್ಳಿ. ಶಾರ್ಕ್ ಬರುವಾಗ ಕೇಳುವ ಆ ಎರಡು ಸ್ವರ ಯಾರಿಗೆ ಗೊತ್ತಿಲ್ಲ ಹೇಳಿ. ವಿಲಿಯಮ್ಸ್ ಅದನ್ನು ಮೊದಲ ಸಲ ಪಿಯಾನೋದಲ್ಲಿ ನುಡಿಸಿದಾಗ ಸ್ಪೀಲ್‌ಬರ್ಗ್ ತಮಾಷೆ ಅಂದುಕೊಂಡು ನಕ್ಕರಂತೆ. ಆದರೆ ಸಿನಿಮಾಕ್ಕೆ ಅದು ಎಷ್ಟು ಬೇಕಾಗಿತ್ತು ನೋಡಿ. ಯಂತ್ರದ ಶಾರ್ಕ್ ಸಮುದ್ರದ ಉಪ್ಪು ನೀರಿನಲ್ಲಿ ಮತ್ತೆ ಮತ್ತೆ ಕೆಡುತ್ತಿತ್ತು. 55 ದಿನಕ್ಕೆ ಅಂತ ಹಾಕಿಕೊಂಡ ಶೂಟಿಂಗ್ 159 ದಿನಕ್ಕೆ ಬೆಳೆಯಿತು. ತೋರಿಸೋಣ ಅಂದರೆ ಶಾರ್ಕ್ ಇಲ್ಲ. ಹಾಗಾಗಿ ಸಿನಿಮಾ ಒಂದು ಗಂಟೆ ದಾಟುವವರೆಗೂ ಶಾರ್ಕ್ ನಮಗೆ ಸರಿಯಾಗಿ ಕಾಣುವುದೇ ಇಲ್ಲ. ಅಲ್ಲಿಯವರೆಗೂ ಆ ಸಂಗೀತವೇ ಶಾರ್ಕ್.

ಈಗ ಹೆಚ್ಚು ಜನ ಗಮನಿಸದ ಒಂದು ಸೀನ್ ಹೇಳುತ್ತೇನೆ. ಕಡಲತೀರದಲ್ಲಿ ಜನ ತುಂಬಿದ್ದಾರೆ. ನೀರಿನ ಮೇಲೆ ಶಾರ್ಕ್‌ನ ಬೆನ್ನಿನ ರೆಕ್ಕೆ ಕಾಣಿಸುತ್ತದೆ. ಎಲ್ಲರೂ ಕಿರುಚಿಕೊಂಡು ಓಡುತ್ತಾರೆ. ಆಮೇಲೆ ನೋಡಿದರೆ, ಇಬ್ಬರು ಹುಡುಗರು ರಟ್ಟಿನ ರೆಕ್ಕೆ ಹಿಡಿದುಕೊಂಡು ಹೆದರಿಸುತ್ತಿದ್ದಾರೆ. ಅಲ್ಲಿ ಆ ಎರಡು ಸ್ವರ ಇಲ್ಲ. ರೆಕ್ಕೆ ಕಣ್ಣಿಗೆ ಕಾಣುತ್ತಿದೆ, ಸಂಗೀತ ಮಾತ್ರ ಸುಮ್ಮನಿದೆ. ಅಂದರೆ ಈ ಸಿನಿಮಾದಲ್ಲಿ ಕಣ್ಣು ಮೋಸ ಹೋಗಬಹುದು, ಕಿವಿ ಹೋಗುವುದಿಲ್ಲ. ನಿಜವಾದ ಶಾರ್ಕ್ ಬಂದಾಗ ಸಂಗೀತ ಬರುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗುತ್ತದೆ.

ಆ ನಂಬಿಕೆಯನ್ನು ಮುಂದೆ ಅವರೇ ಮುರಿಯುತ್ತಾರೆ. ಪೊಲೀಸ್ ಮುಖ್ಯಸ್ಥ ಬ್ರೋಡಿ ದೋಣಿಯ ಹಿಂಬದಿಯಲ್ಲಿ ಗೊಣಗುತ್ತಾ ಮೀನಿನ ಚೂರುಗಳನ್ನು ನೀರಿಗೆ ಎಸೆಯುತ್ತಿರುತ್ತಾನೆ. ಯಾವ ಸೂಚನೆಯೂ ಇಲ್ಲ. ಒಂದು ಸ್ವರವೂ ಇಲ್ಲ. ತಟ್ಟನೆ ಅವನ ಹಿಂದೆ ಶಾರ್ಕ್ ತಲೆ ಎತ್ತುತ್ತದೆ. ನಾನು ಮೊದಲ ಸಲ ನೋಡಿದಾಗ ಕುಳಿತಲ್ಲೇ ಹಾರಿಬಿದ್ದೆ. ಯಾಕೆ ಅಷ್ಟು ಹೆದರಿದೆ ಅಂತ ತಿಳಿದಿದ್ದು ಎಷ್ಟೋ ವರ್ಷದ ಮೇಲೆ. ಒಂದು ಗಂಟೆಗೂ ಜಾಸ್ತಿ ಹೊತ್ತು ಸಂಗೀತ ನನ್ನನ್ನು ಕಾಪಾಡಿಕೊಂಡು ಬಂದಿತ್ತು. ಆ ಕ್ಷಣದಲ್ಲಿ ಕೈಬಿಟ್ಟಿತು.

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಸಂಗೀತ ತೆಗೆದರೆ ಉಳಿಯುವುದು ನಿರ್ದೇಶಕನ ತೀರ್ಮಾನ. ಎಲ್ಲಿ ಬೇಕು, ಎಲ್ಲಿ ಬೇಡ ಅನ್ನುವ ತೀರ್ಮಾನ. ಇಂಥ ಸಂಗೀತಗಾರ ಪಕ್ಕದಲ್ಲಿ ಇದ್ದಾಗ "ಇಲ್ಲಿ ಬೇಡ" ಅನ್ನುವುದು ಸುಲಭವಲ್ಲ, ಅಲ್ವಾ?

'ಜುರಾಸಿಕ್ ಪಾರ್ಕ್' ಅನ್ನು ಹಾಗೇ ಒಮ್ಮೆ ನೋಡಿ. ಎತ್ತರದ ಕತ್ತಿನ ಡೈನೋಸಾರ್ ಮೊದಲ ಸಲ ಕಂಡಾಗ ಆರ್ಕೆಸ್ಟ್ರಾ ಹೇಗೆ ಏಳುತ್ತದೆ ನಿಮಗೆ ಗೊತ್ತು. ಆದರೆ ಮಳೆಯ ರಾತ್ರಿ ಟಿ ರೆಕ್ಸ್ ಅನ್ನುವ ಮಾಂಸಾಹಾರಿ ಡೈನೋಸಾರ್ ಬೇಲಿ ಮುರಿದು ಹೊರಗೆ ಬಂದು ಕಾರಿನ ಮೇಲೆ ಬೀಳುವ ಸೀನ್‌ನಲ್ಲಿ ಸಂಗೀತ ಇಲ್ಲ. ಮಳೆ, ಹೆಜ್ಜೆಯ ಸದ್ದು, ಲೋಟದ ನೀರಿನಲ್ಲಿ ಏಳುವ ಅಲೆ, ಮಕ್ಕಳ ಕಿರುಚಾಟ, ಅಷ್ಟೇ. ಬೆರಗಿಗೆ ಸಂಗೀತ, ಭಯಕ್ಕೆ ಮೌನ. 'ಜಾಸ್' ಸಿನಿಮಾದಲ್ಲಿ ಮಾಡಿದ್ದನ್ನೇ ಇಲ್ಲಿ ಪೂರ್ತಿ ತಿರುವಿ ಹಾಕಿದ್ದಾರೆ.

1998ರ 'ಸೇವಿಂಗ್ ಪ್ರೈವೇಟ್ ರಯಾನ್' ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್‌ನ ನಾರ್ಮಂಡಿ ತೀರದಲ್ಲಿ ಸೈನಿಕರು ಇಳಿಯುವ ಆ ಉದ್ದನೆಯ ಆರಂಭದಲ್ಲಿ ಹಿನ್ನೆಲೆ ಸಂಗೀತ ಇಲ್ಲ. ಗುಂಡಿನ ಸದ್ದು ನಿಂತು, ಕ್ಯಾಮೆರಾ ದಡದಲ್ಲಿ ಬಿದ್ದ ಹೆಣಗಳ ಕಡೆ ತಿರುಗಿದ ಮೇಲೆ ವಿಲಿಯಮ್ಸ್ ಒಳಗೆ ಬರುತ್ತಾರೆ. ಕಾದಾಟಕ್ಕೆ ಒಂದು ಸ್ವರವನ್ನೂ ಕೊಡದೆ, ಸತ್ತವರಿಗೆ ಮಾತ್ರ ಕೊಟ್ಟಿದ್ದಾರೆ.

ಹಾಗಂತ ಸ್ಪೀಲ್‌ಬರ್ಗ್ ಸಂಗೀತವನ್ನು ಹಿಡಿದಿಡುವವರು ಮಾತ್ರ ಅಂದುಕೊಳ್ಳಬೇಡಿ. ಅವರು ಪೂರ್ತಿ ಬಿಟ್ಟುಕೊಟ್ಟ ಜಾಗವೂ ಇದೆ. ಬೇರೆ ಲೋಕದ ಜೀವಿಯೊಂದನ್ನು ಹುಡುಗನೊಬ್ಬ ಅದರ ಮನೆಗೆ ಕಳಿಸಿಕೊಡುವ ಕಥೆ, 1982ರ 'ಇ.ಟಿ.'ಯ ಕೊನೆಯ ಸುಮಾರು 15 ನಿಮಿಷ. ಸೈಕಲ್ ಬೆನ್ನಟ್ಟುವುದು, ಹಾರುವುದು, ಆಮೇಲೆ ಬೀಳ್ಕೊಡುಗೆ. ರೆಕಾರ್ಡಿಂಗ್‌ನಲ್ಲಿ ಸಾಮಾನ್ಯವಾಗಿ ಪರದೆಯ ಮೇಲೆ ಸಿನಿಮಾ ಓಡುತ್ತಿರುತ್ತದೆ, ಸಂಗೀತ ನಿರ್ದೇಶಕ ಅದಕ್ಕೆ ಸರಿಯಾಗಿ ಆರ್ಕೆಸ್ಟ್ರಾ ನಡೆಸಬೇಕು. ಎಲ್ಲಿ ಸೈಕಲ್ ತಿರುಗುತ್ತದೋ ಅಲ್ಲಿ ಸಂಗೀತವೂ ತಿರುಗಬೇಕು. ವಿಲಿಯಮ್ಸ್ ಎಷ್ಟು ಸಲ ಪ್ರಯತ್ನಿಸಿದರೂ ಅದು ಅವರ ಮನಸ್ಸಿಗೆ ಬಂದ ಹಾಗೆ ಆಗಲಿಲ್ಲ. ಆಗ ಸ್ಪೀಲ್‌ಬರ್ಗ್ ಪರದೆಯನ್ನೇ ಆಫ್ ಮಾಡಿಸಿದರು. ಸಿನಿಮಾ ಮರೆತುಬಿಡಿ, ಸಂಗೀತ ಕಛೇರಿಯಲ್ಲಿ ನುಡಿಸುವ ಹಾಗೆ ನುಡಿಸಿ ಅಂದರು. ಆಮೇಲೆ ಆ ಸಂಗೀತಕ್ಕೆ ಸರಿಯಾಗಿ ಸಿನಿಮಾವನ್ನೇ ಮತ್ತೆ ಎಡಿಟ್ ಮಾಡಿದರು.

ಈ ವಿಷಯ ತಿಳಿದ ಮೇಲೆ ನಾನು ಆ ಕೊನೆಯ ಭಾಗವನ್ನು ಮೊದಲು ಸೌಂಡ್ ಆಫ್ ಮಾಡಿ ನೋಡಿದೆ. ಆಮೇಲೆ ಕಣ್ಣು ಮುಚ್ಚಿ ಬರೀ ಕೇಳಿದೆ. ಎರಡನೆಯದರಲ್ಲಿ ಕಥೆ ಪೂರ್ತಿ ಸಿಕ್ಕಿತು. ಎಲ್ಲಿ ಸೈಕಲ್ ನೆಲ ಬಿಡುತ್ತದೆ, ಎಲ್ಲಿ ಹುಡುಗನಿಗೆ ಅಳು ಬರುತ್ತದೆ, ಎಲ್ಲಿ ಆಕಾಶನೌಕೆಯ ಬಾಗಿಲು ಮುಚ್ಚುತ್ತದೆ, ಎಲ್ಲವೂ ಕೇಳಿಸಿತು. ನೀವೂ ಮಾಡಿ ನೋಡಿ. ಒಂದು ಒಳ್ಳೆಯ ಹೆಡ್‌ಫೋನ್ ಇದ್ದರೆ ಸಾಕು.

ಇವರಿಬ್ಬರ ಸ್ನೇಹ ಶುರುವಾಗಿದ್ದು 1974ರ 'ದಿ ಶುಗರ್‌ಲ್ಯಾಂಡ್ ಎಕ್ಸ್‌ಪ್ರೆಸ್'ನಿಂದ. ವಿಲಿಯಮ್ಸ್ ಮಾಡಿದ್ದ ಹಿಂದಿನ ಸಿನಿಮಾ ಸಂಗೀತದ ರೆಕಾರ್ಡುಗಳನ್ನು ಸ್ಪೀಲ್‌ಬರ್ಗ್ ಮನೆಯಲ್ಲಿ ಕೇಳುತ್ತಿದ್ದ ಅಭಿಮಾನಿ. ಅಂದರೆ ಅವರು ನಮ್ಮ ಹಾಗೇ ಕೇಳುಗನಾಗಿದ್ದವರು. ಆ ಅಭಿಮಾನ ಇವತ್ತಿಗೂ ಹೋಗಿಲ್ಲ ಅಂತ ನನಗೆ ಅನ್ನಿಸುತ್ತದೆ. 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್'ಗೆ ವಿಲಿಯಮ್ಸ್ ಎರಡು ಥೀಮ್ ನುಡಿಸಿ ತೋರಿಸಿದಾಗ, ಯಾವುದು ಬೇಕು ಅಂತ ಆರಿಸುವ ಬದಲು ಸ್ಪೀಲ್‌ಬರ್ಗ್ ಎರಡನ್ನೂ ಹಾಕಿ ಅಂದರಂತೆ. ಆ ಸಿನಿಮಾದ ನಾಯಕ ಇಂಡಿಯಾನಾ ಜೋನ್ಸ್‌ಗಾಗಿ ಮಾಡಿದ ಮಾರ್ಚ್ ಸಂಗೀತದ ಮಧ್ಯದಲ್ಲಿ ಬರುವ ಭಾಗ ಆ ಎರಡನೇ ಥೀಮ್.

ನನಗೆ ಎಲ್ಲಕ್ಕಿಂತ ಹತ್ತಿರವಾಗಿದ್ದು 1977ರ 'ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್'. ಇಲ್ಲಿ ಸಂಗೀತ ಹಿನ್ನೆಲೆಯಲ್ಲಿ ಇಲ್ಲ, ಅದೇ ಕಥೆ. ಬೇರೆ ಲೋಕದಿಂದ ಬಂದವರ ಜೊತೆ ಮನುಷ್ಯರು ಐದು ಸ್ವರದಲ್ಲಿ ಮಾತನಾಡುತ್ತಾರೆ. ಆ ಐದು ಸ್ವರಕ್ಕಾಗಿ ವಿಲಿಯಮ್ಸ್ ನೂರಾರು ಜೋಡಣೆ ಬರೆದು ನೋಡಿದರು. ಶೂಟಿಂಗ್‌ಗೆ ಮೊದಲೇ ಅದು ಬೇಕಿತ್ತು, ಯಾಕೆಂದರೆ ಪಾತ್ರಗಳು ಅದನ್ನು ನುಡಿಸಬೇಕು, ಹಾಡಬೇಕು. ನಮ್ಮ ಸರಿಗಮದಲ್ಲಿ ಹೇಳುವುದಾದರೆ ರಿ, ಗ, ಸ, ಆಮೇಲೆ ಕೆಳಗಿನ ಸ್ಥಾಯಿಯ ಸ, ಅಲ್ಲಿಂದ ಮೇಲೆ ಪ. ಒಮ್ಮೆ ಹಾಡಿ ನೋಡಿ. ಸ ಮೇಲೆ ನಿಲ್ಲುವುದಿಲ್ಲ, ಪ ಮೇಲೆ ನಿಲ್ಲುತ್ತದೆ. ಮಾತು ಮುಗಿದಿಲ್ಲ, ಇನ್ನು ನೀವು ಹೇಳಿ ಅನ್ನುವ ಹಾಗೆ. ಅಪರಿಚಿತರಿಗೆ ಕಳಿಸುವ ಮೊದಲ ಮಾತು ಹೀಗೇ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ಆ ಸಿನಿಮಾದಲ್ಲಿ ಭಾರತದ ಒಂದು ಸೀನ್ ಇದೆ. ದೊಡ್ಡ ಜನಸಮೂಹ ಆ ಐದು ಸ್ವರವನ್ನು ಹಾಡುತ್ತಿದೆ. ಈ ಸದ್ದು ಎಲ್ಲಿಂದ ಬಂತು ಅಂತ ಕೇಳಿದಾಗ ಎಲ್ಲರೂ ಒಟ್ಟಿಗೆ ಆಕಾಶದ ಕಡೆ ಬೆರಳು ತೋರಿಸುತ್ತಾರೆ. ಅಷ್ಟೂ ಕೈಗಳು ಒಮ್ಮೆಗೇ ಮೇಲೆ ಏಳುವ ಆ ಕ್ಷಣ ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಈ ಸಂಗೀತಕ್ಕೆ ಆಸ್ಕರ್ ಬರಲಿಲ್ಲ. ಆ ವರ್ಷದ ಆಸ್ಕರ್ 'ಸ್ಟಾರ್ ವಾರ್ಸ್'ಗೆ ಹೋಯಿತು, ಅದೂ ವಿಲಿಯಮ್ಸ್ ಅವರದೇ.

ಒಪ್ಪಿಕೊಳ್ಳಬೇಕಾದ ಮಾತೂ ಇದೆ. ಎಲ್ಲ ಕಡೆಯೂ ಈ ಅಳತೆ ಸರಿ ಬಂದಿಲ್ಲ. 2011ರ 'ವಾರ್ ಹಾರ್ಸ್'ನಲ್ಲಿ ನನಗೆ ಸಂಗೀತ ಜಾಸ್ತಿ ಅನ್ನಿಸುತ್ತದೆ. ಕುದುರೆಯ ಕಣ್ಣು ನೋಡಿ ನಾನೇ ಅಳುವವನಿದ್ದೆ, ಅದಕ್ಕೆ ಮೊದಲೇ ವಯಲಿನ್‌ಗಳು ಅಳುತ್ತವೆ. ನಿಮ್ಮ ಪ್ರಶ್ನೆಯ ಹಿಂದೆ ಇರುವ ಅನುಮಾನ ಇಂಥ ಸಿನಿಮಾಗಳಿಗೆ ಸಲ್ಲುತ್ತದೆ.

ವಿಲಿಯಮ್ಸ್ ಇಲ್ಲದ ಸ್ಪೀಲ್‌ಬರ್ಗ್ ಹೇಗಿರುತ್ತಾರೆ ಅಂತ ನೋಡಬೇಕಾದರೆ 1971ರ 'ಡ್ಯುಯಲ್' ನೋಡಿ. ಟಿವಿಗಾಗಿ ಮಾಡಿದ್ದು, ಸಂಗೀತ ಬಿಲ್ಲಿ ಗೋಲ್ಡನ್‌ಬರ್ಗ್. ಮುಖ ತೋರಿಸದ ಡ್ರೈವರ್, ಬೆನ್ನು ಬಿಡದ ಒಂದು ಲಾರಿ. ಲಾರಿಯ ಎಂಜಿನ್ ಸದ್ದೇ ಅಲ್ಲಿ ಹೆದರಿಸುತ್ತದೆ. 'ಜಾಸ್' ಮಾಡಿದ ಕೈ ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ. 'ದಿ ಕಲರ್ ಪರ್ಪಲ್'ಗೆ ಕ್ವಿನ್ಸಿ ಜೋನ್ಸ್, 'ಬ್ರಿಡ್ಜ್ ಆಫ್ ಸ್ಪೈಸ್'ಗೆ ಥಾಮಸ್ ನ್ಯೂಮನ್, 'ರೆಡಿ ಪ್ಲೇಯರ್ ಒನ್'ಗೆ ಅಲನ್ ಸಿಲ್ವೆಸ್ಟ್ರಿ. ಇವುಗಳಲ್ಲಿ 'ಬ್ರಿಡ್ಜ್ ಆಫ್ ಸ್ಪೈಸ್' ನನಗೆ ಇಷ್ಟ. ಆರಂಭದ ಬಹಳ ಹೊತ್ತು ಅದರಲ್ಲಿ ಹಿನ್ನೆಲೆ ಸಂಗೀತವೇ ಬರುವುದಿಲ್ಲ. ಬೇರೆ ಸಂಗೀತಗಾರ ಬಂದಾಗಲೂ ಮೌನದ ಅಭ್ಯಾಸ ಬಿಟ್ಟಿಲ್ಲ.

ಯಹೂದಿಗಳ ನರಮೇಧದ ಕಥೆ ಹೇಳುವ 'ಶಿಂಡ್ಲರ್ಸ್ ಲಿಸ್ಟ್' ಬಗ್ಗೆ ಒಂದೇ ಮಾತು. ಅದು 'ಜುರಾಸಿಕ್ ಪಾರ್ಕ್' ಬಂದ 1993ರಲ್ಲೇ ಬಂತು. ಒಂದೇ ವರ್ಷ, ಅದೇ ಇಬ್ಬರು, ಆದರೆ ಈ ಸಲ ದೊಡ್ಡ ಆರ್ಕೆಸ್ಟ್ರಾ ಹಿಂದೆ ಸರಿದು ಇಟ್ಜಾಕ್ ಪರ್ಲ್‌ಮನ್ ಅವರ ಒಂದು ವಯಲಿನ್ ಮುಂದೆ ನಿಲ್ಲುತ್ತದೆ. ಅದನ್ನು ಬೇರೆ ಕೆಲಸ ಮಾಡುತ್ತಾ ಕೇಳಬೇಡಿ.

ಆಲ್ಬಂಗಳ ಬಗ್ಗೆ ಒಂದು ಎಚ್ಚರ. ಸಿನಿಮಾದಲ್ಲಿ ಕೇಳಿದ್ದೇ ಆಲ್ಬಂನಲ್ಲಿ ಇರುತ್ತದೆ ಅಂದುಕೊಳ್ಳಬೇಡಿ. 'ಜಾಸ್'ನ 1975ರ ಆಲ್ಬಂ ಅನ್ನು ವಿಲಿಯಮ್ಸ್ ಕೇಳುವುದಕ್ಕಾಗಿಯೇ ಬೇರೆಯಾಗಿ ರೆಕಾರ್ಡ್ ಮಾಡಿದ್ದರು. ಸಿನಿಮಾದಲ್ಲಿದ್ದ ರೆಕಾರ್ಡಿಂಗ್ ಹೊರಗೆ ಬಂದಿದ್ದು ಬಹಳ ವರ್ಷಗಳ ನಂತರ. ಆದ್ದರಿಂದ ಮೊದಲು ಸಿನಿಮಾ ನೋಡಿ, ಆಮೇಲೆ ಆಲ್ಬಂ ಹಾಕಿ.

ಈಗ 'ಡಿಸ್‌ಕ್ಲೋಷರ್ ಡೇ'. ಬಿಡುಗಡೆಗೆ ಸಿನಿಮಾ ಸಂಸ್ಥೆ ಯೂನಿವರ್ಸಲ್ ಗೊತ್ತು ಮಾಡಿದ ದಿನ 2026ರ ಜೂನ್ 12. ಕಥೆ ಸ್ಪೀಲ್‌ಬರ್ಗ್ ಅವರದು, ಚಿತ್ರಕಥೆ ಡೇವಿಡ್ ಕೆಪ್ ಅವರದು. 'ಜುರಾಸಿಕ್ ಪಾರ್ಕ್', 'ವಾರ್ ಆಫ್ ದಿ ವರ್ಲ್ಡ್ಸ್' ಸಿನಿಮಾಗಳ ಬರವಣಿಗೆಯಲ್ಲೂ ಇದ್ದವರು ಅವರು. ಎಮಿಲಿ ಬ್ಲಂಟ್, ಜೋಶ್ ಓಕಾನರ್, ಕಾಲಿನ್ ಫರ್ತ್ ನಟಿಸಿದ್ದಾರೆ. ವಿಷಯ ಮತ್ತೆ ಬೇರೆ ಲೋಕದವರು. ಸಂಗೀತ ಮತ್ತೆ ವಿಲಿಯಮ್ಸ್. ಸ್ಪೀಲ್‌ಬರ್ಗ್ ಜೊತೆ ಇದು ಅವರ 30ನೇ ಸಿನಿಮಾ. ವಿಲಿಯಮ್ಸ್ ಹುಟ್ಟಿದ್ದು 1932ರ ಫೆಬ್ರವರಿಯಲ್ಲಿ, ಅಂದರೆ ಈ ಸಿನಿಮಾದ ಹೊತ್ತಿಗೆ ಅವರಿಗೆ 94. ಟ್ರೇಲರ್ ಸಂಗೀತ ಕೇಳಿ ಏನೂ ತೀರ್ಮಾನ ಮಾಡಬೇಡಿ. ಟ್ರೇಲರ್‌ಗಳನ್ನು ಕತ್ತರಿಸುವವರೇ ಬೇರೆ, ಅದರ ಸಂಗೀತವೂ ಎಷ್ಟೋ ಸಲ ಸಿನಿಮಾದ್ದಾಗಿರುವುದಿಲ್ಲ.

ಅದಕ್ಕೂ ಮುಂಚೆ ನೋಡಲು ನಾನು ನಾಲ್ಕೇ ಹೇಳುತ್ತೇನೆ. ಮೊದಲು 'ಜಾಸ್', ರಟ್ಟಿನ ರೆಕ್ಕೆಯ ಸೀನ್‌ಗಾಗಿ. ಆಮೇಲೆ 'ಕ್ಲೋಸ್ ಎನ್‌ಕೌಂಟರ್ಸ್'. ಆಮೇಲೆ 'ಇ.ಟಿ.'. ಕೊನೆಗೆ 2022ರ 'ದಿ ಫೇಬಲ್‌ಮನ್ಸ್', ಸ್ಪೀಲ್‌ಬರ್ಗ್ ತಮ್ಮ ಬಾಲ್ಯದ ಬಗ್ಗೆ ಮಾಡಿದ್ದು. ಅದನ್ನು ಕೊನೆಗೇ ಇಟ್ಟುಕೊಳ್ಳಿ. ಅದರಲ್ಲಿ ತಾಯಿ ಪಿಯಾನೋ ನುಡಿಸುವವಳು. ಸ್ಪೀಲ್‌ಬರ್ಗ್ ಅವರ ತಾಯಿಯೂ ಪಿಯಾನೋ ನುಡಿಸುತ್ತಿದ್ದರು. ಸಿನಿಮಾದಲ್ಲಿ ಒಂದು ರಾತ್ರಿ ಆ ತಾಯಿ ಹಾಲ್‌ನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಗಾರ ಬಾಖ್ ಅವರ ರಚನೆ ನುಡಿಸುತ್ತಿರುತ್ತಾಳೆ. ಒಳಗೆ ಹುಡುಗ ತಾನು ತೆಗೆದ ಕ್ಯಾಂಪಿಂಗ್ ಫಿಲ್ಮನ್ನು ಎಡಿಟ್ ಮಾಡುತ್ತಿರುತ್ತಾನೆ. ಆ ಫಿಲ್ಮ್‌ಗೆ ಧ್ವನಿ ಇಲ್ಲ. ಚೌಕಟ್ಟಿನ ಒಂದು ಮೂಲೆಯಲ್ಲಿ ಅವನಿಗೆ ತಾಯಿಯ ಗುಟ್ಟು ಕಾಣಿಸುತ್ತದೆ. ಹಿಂದಕ್ಕೆ ಓಡಿಸಿ ಮತ್ತೆ ನೋಡುತ್ತಾನೆ. ಪಿಯಾನೋ ಮಾತ್ರ ನಿಲ್ಲದೆ ಕೇಳುತ್ತಿರುತ್ತದೆ.