ಜಾರುವ ಕ್ಲಚ್, ಬಿಡದ ಕ್ಲಚ್: ಹಳೆಯ ಡರ್ಟ್ ಬೈಕ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕ್ಲಚ್ ಬಗ್ಗೆಯೇ. ಉತ್ತರಗಳೆಲ್ಲ ಆಯಿಲ್‌ನಲ್ಲಿ ನೆನೆದು ಕೆಲಸ ಮಾಡುವ, ಹಲವು ಪ್ಲೇಟ್‌ಗಳಿರುವ, ಕೇಬಲ್‌ನ ಕ್ಲಚ್‌ಗೆ ಸಂಬಂಧಿಸಿದವು. ಕೊಟ್ಟಿರುವ ಅಳತೆಗಳು ಸಾಮಾನ್ಯ ಮಿತಿಗಳು. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಬೇರೆ ಅಂಕಿ ಹೇಳಿದರೆ ಅದನ್ನೇ ನಂಬಿ.

ಪ್ರಶ್ನೆ: ನನ್ನದು 250 ಸಿಸಿಯ ಹಳೆಯ ಟೂ ಸ್ಟ್ರೋಕ್ ಗಾಡಿ. ಏರು ಹತ್ತುವಾಗ ಥ್ರಾಟಲ್ ಕೊಟ್ಟರೆ ಎಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಪ್ಲೇಟ್ ಹೋಗಿದೆ ಎಂದು ಎಲ್ಲರೂ ಹೇಳುತ್ತಾರೆ. ನೇರವಾಗಿ ಹೊಸ ಸೆಟ್ ತರಿಸಲೇ?

ಉತ್ತರ: ತರಿಸುವ ಮೊದಲು ಹತ್ತು ನಿಮಿಷ ಲಿವರ್‌ನ ಮುಂದೆ ಕಳೆಯಿರಿ. ಮೊದಲು ಇದು ನಿಜವಾಗಿ ಕ್ಲಚ್ ಜಾರುವುದೇ ಎಂದು ಖಾತ್ರಿ ಮಾಡಿಕೊಳ್ಳಿ. ಎಂಜಿನ್ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ನಾಲ್ಕನೇ ಗೇರ್‌ನಲ್ಲಿ ಮಧ್ಯಮ ವೇಗದಲ್ಲಿ ಹೋಗುತ್ತಾ ಥ್ರಾಟಲ್ ಪೂರ್ತಿ ತೆರೆಯಿರಿ. ಎಂಜಿನ್ ಸದ್ದು ತಟ್ಟನೆ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸದ್ದೂ ಏರದೆ ಗಾಡಿ ಮಂಕಾಗಿ ಎಳೆದರೆ ಕಾರ್ಬ್ಯುರೇಟರ್, ಸೈಲೆನ್ಸರ್, ಪಿಸ್ಟನ್ ರಿಂಗ್ ಕಡೆ ನೋಡಬೇಕು. ಕ್ಲಚ್ ಬಿಚ್ಚಿ ಪ್ರಯೋಜನವಿಲ್ಲ.

ಇನ್ನು ಫ್ರೀ ಪ್ಲೇ, ಅಂದರೆ ಲಿವರ್ ಹಿಡಿದಾಗ ಕೇಬಲ್ ಬಿಗಿಯಾಗುವ ಮೊದಲು ಸಿಗುವ ಸಡಿಲ. ಲಿವರ್ ಮತ್ತು ಅದರ ಹೋಲ್ಡರ್ ನಡುವಿನ ಸಂದಿಯಲ್ಲಿ ಇದು 2ರಿಂದ 3 ಮಿ.ಮೀ. ಇರಬೇಕು, ಲಿವರ್‌ನ ತುದಿಯಲ್ಲಿ ಅಳೆದರೆ ಸುಮಾರು 10ರಿಂದ 20 ಮಿ.ಮೀ. ಸಡಿಲವೇ ಇಲ್ಲದಿದ್ದರೆ ನೀವು ಸದಾ ಅರ್ಧ ಕ್ಲಚ್ ಹಿಡಿದು ಓಡಿಸುತ್ತಿದ್ದೀರಿ ಎಂದೇ ಲೆಕ್ಕ.

ಇಲ್ಲಿ ಬಹಳ ಜನ ಎಡವುತ್ತಾರೆ. ಕೇಬಲ್ ಇರುವ ಡ್ರಮ್ ಬ್ರೇಕ್‌ನಲ್ಲಿ ಶೂ ಸವೆದಷ್ಟೂ ಲಿವರ್ ಸಡಿಲವಾಗುತ್ತದೆ. ಕ್ಲಚ್‌ನಲ್ಲಿ ಇದು ಉಲ್ಟಾ. ಪ್ಲೇಟ್ ಸವೆದರೆ ಪ್ಲೇಟ್‌ಗಳ ಕಟ್ಟು ತೆಳುವಾಗುತ್ತದೆ, ಸ್ಪ್ರಿಂಗ್ ಬಲದಿಂದ ಆ ಕಟ್ಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಒಳಕ್ಕೆ ಸರಿಯುತ್ತದೆ, ಲಿವರ್ ಹಿಡಿದಾಗ ಅದನ್ನು ಎತ್ತುವ ಪುಶ್ ರಾಡ್‌ನ ಮುಂದಿದ್ದ ಸಡಿಲವನ್ನು ಅದು ನುಂಗಿಬಿಡುತ್ತದೆ. ಹಾಗಾಗಿ ಲಿವರ್ ತಾನಾಗಿಯೇ ಬಿಗಿಯಾಗುತ್ತಾ ಬಂದರೆ ಅದನ್ನು ಒಳ್ಳೆಯ ಲಕ್ಷಣ ಎಂದುಕೊಳ್ಳಬೇಡಿ. ಅಡ್ಜಸ್ಟರ್ ತಿರುಗಿಸಿ ಸಡಿಲ ಕೊಟ್ಟ ತಕ್ಷಣ ಜಾರುವುದು ನಿಂತರೆ ಸದ್ಯಕ್ಕೆ ಕೆಲಸ ಮುಗಿಯಿತು. ಜಾರುತ್ತಾ ಬಹಳ ದಿನ ಓಡಿದ್ದರೆ ಪ್ಲೇಟ್ ಸುಟ್ಟಿರುವ ಸಾಧ್ಯತೆ ಇದ್ದೇ ಇದೆ. ಹ್ಯಾಂಡಲ್ ಅನ್ನು ಎಡದಿಂದ ಬಲಕ್ಕೆ ಪೂರ್ತಿ ತಿರುಗಿಸಿಯೂ ನೋಡಿ. ಸಡಿಲ ಹೆಚ್ಚುಕಮ್ಮಿಯಾದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ.

ಮೂರನೆಯದು ಆಯಿಲ್. ಟೂ ಸ್ಟ್ರೋಕ್‌ನಲ್ಲಿ ಕ್ಲಚ್ ಗೇರ್‌ಬಾಕ್ಸ್ ಆಯಿಲ್‌ನಲ್ಲಿ ಓಡುತ್ತದೆ. ಪೆಟ್ರೋಲ್‌ಗೆ ಬೆರೆಸುವ ಆಯಿಲ್‌ಗೂ ಇದಕ್ಕೂ ಸಂಬಂಧವಿಲ್ಲ. ಒಳಗಿರುವುದು ಯಾವ ಆಯಿಲ್ ಎಂದು ಗೊತ್ತಿಲ್ಲದಿದ್ದರೆ ಇಳಿಸಿ, ಡಬ್ಬಿಯ ಮೇಲೆ ಜಾಸೋ (ಜಪಾನಿನ ವಾಹನ ಮಾನದಂಡ) ಎಂಎ ಅಥವಾ ಎಂಎ2 ಗುರುತಿರುವ ಆಯಿಲ್ ಹಾಕಿ, ಒಂದೆರಡು ಗಂಟೆ ಓಡಿಸಿ ನೋಡಿ. ಇಷ್ಟಾದರೂ ಜಾರಿದರೆ ಆಗ ಮುಚ್ಚಳ ಬಿಚ್ಚಿ.

ಪ್ರಶ್ನೆ: ಕಾರಿಗೆ ಹಾಕುವ ಒಳ್ಳೆಯ ಸಿಂಥೆಟಿಕ್ ಆಯಿಲ್ ಅನ್ನು ಫೋರ್ ಸ್ಟ್ರೋಕ್ ಡರ್ಟ್ ಬೈಕ್‌ಗೆ ಹಾಕಬಹುದೇ?

ಉತ್ತರ: ಬೇಡ. ಕಾರಿನ ಕ್ಲಚ್ ಒಣ ಕ್ಲಚ್, ಎಂಜಿನ್ ಆಯಿಲ್ ಅದನ್ನು ಮುಟ್ಟುವುದಿಲ್ಲ. ಆದ್ದರಿಂದ ಇಂಧನ ಉಳಿಸಲೆಂದು ಘರ್ಷಣೆ ತಗ್ಗಿಸುವ ರಾಸಾಯನಿಕಗಳನ್ನು ಅದರ ಆಯಿಲ್‌ಗೆ ಧಾರಾಳವಾಗಿ ಸೇರಿಸುತ್ತಾರೆ. ಬೈಕ್‌ನಲ್ಲಿ ಕ್ಲಚ್ ಹಿಡಿಯಬೇಕಾದದ್ದೇ ಘರ್ಷಣೆಯಿಂದ. ಈ ತೊಂದರೆಗಾಗಿಯೇ ಜಪಾನಿನಲ್ಲಿ 1998ರಲ್ಲಿ ಜಾಸೋ ಟಿ 903 ಮಾನದಂಡ ಬಂತು. ಎಂಎ ಗುರುತು ಒದ್ದೆ ಕ್ಲಚ್‌ಗೆ. ಎಂಬಿ ಗುರುತಿನದು ಘರ್ಷಣೆ ಕಡಿಮೆ ಇರುವ ಆಯಿಲ್, ನಿಮ್ಮ ಗಾಡಿಗೆ ಅಲ್ಲ. ಹೋಂಡಾ ಸಿಆರ್‌ಎಫ್ 450 ಆರ್‌ನ ಹಳೆಯ ಮಾಡೆಲ್‌ಗಳಂಥವುಗಳಲ್ಲಿ ಎಂಜಿನ್‌ಗೆ ಒಂದು, ಕ್ಲಚ್ ಮತ್ತು ಗೇರ್‌ಬಾಕ್ಸ್‌ಗೆ ಇನ್ನೊಂದು ಎಂದು ಎರಡು ಕಡೆ ಆಯಿಲ್ ತುಂಬಬೇಕು. ಒಂದು ಕಡೆ ಮಾತ್ರ ಬದಲಿಸಿ ಮರೆಯುವವರೂ ಇದ್ದಾರೆ.

ಪ್ರಶ್ನೆ: ಮುಚ್ಚಳ ಬಿಚ್ಚಿ ಪ್ಲೇಟ್ ನಾನೇ ಬದಲಿಸಬೇಕೆಂದಿದ್ದೇನೆ. ಏನೇನು ಬೇಕು? ಯಾವುದನ್ನು ಉಳಿಸಬಹುದು, ಯಾವುದನ್ನು ಎಸೆಯಬೇಕು?

ಉತ್ತರ: 8 ಮತ್ತು 10 ಎಂಎಂ ಟಿ ಸ್ಪ್ಯಾನರ್, ರಬ್ಬರ್ ಸುತ್ತಿಗೆ, ವರ್ನಿಯರ್, ಸಂದಿ ಅಳೆಯುವ ತೆಳು ಎಲೆಗಳ ಫೀಲರ್ ಗೇಜ್, ಒಂದು ಗಾಜಿನ ತುಂಡು, ಸಣ್ಣ ಟಾರ್ಕ್ ವ್ರೆಂಚ್, ಹೊಸ ಗ್ಯಾಸ್ಕೆಟ್ ಮತ್ತು ಆಯಿಲ್. ಫ್ರಿಕ್ಷನ್ ಪ್ಲೇಟ್ (ಹಿಡಿತದ ಪದರ ಇರುವ ಪ್ಲೇಟ್) ಮತ್ತು ಸ್ಪ್ರಿಂಗ್‌ಗಳನ್ನು ಸೆಟ್ ಆಗಿಯೇ ತರಿಸಿ. ಅವುಗಳ ನಡುನಡುವೆ ಕೂರುವ ಸ್ಟೀಲ್ ಪ್ಲೇಟ್ ಬೇಕೋ ಬೇಡವೋ ಎಂಬುದು ಬಿಚ್ಚಿದ ಮೇಲೆ ತಿಳಿಯುತ್ತದೆ.

ಕ್ಲಚ್‌ಗೆ ಬೇರೆಯದೇ ಸಣ್ಣ ಮುಚ್ಚಳ ಇದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಗಾಡಿಯನ್ನು ಎಡಕ್ಕೆ ಮಲಗಿಸಿದರೆ ಸಾಕು. ಕ್ಲಚ್ ಸಾಮಾನ್ಯವಾಗಿ ಬಲಗಡೆ ಇರುವುದರಿಂದ ಆಯಿಲ್ ಇಳಿಸುವ ಅಗತ್ಯ ಬೀಳುವುದಿಲ್ಲ. ಬಲಗಡೆಯ ಇಡೀ ಕವರ್ ತೆಗೆಯಬೇಕಾದ ಗಾಡಿಯಲ್ಲಿ ಆಯಿಲ್ ಇಳಿಸಿ, ಕಿಕ್ಕರ್ ಎಲ್ಲಿ ಕೂತಿತ್ತೆಂದು ಗುರುತು ಹಾಕಿ ತೆಗೆಯಿರಿ. ವಾಟರ್ ಪಂಪ್ ಆ ಕವರ್‌ನಲ್ಲೇ ಇದ್ದರೆ ಕೂಲೆಂಟ್ ಕೂಡ ಇಳಿಸಬೇಕು. ಕವರ್‌ನ ಬೋಲ್ಟ್‌ಗಳು ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಕವರ್‌ನ ಆಕಾರ ಬರೆದು, ತೂತು ಮಾಡಿ, ತೆಗೆದ ಬೋಲ್ಟನ್ನು ಅದರ ಜಾಗದ ತೂತಿಗೇ ಚುಚ್ಚಿಡಿ. ಗಿಡ್ಡ ಬೋಲ್ಟಿನ ಜಾಗಕ್ಕೆ ಉದ್ದದ್ದು ಹಾಕಿ ಬಿಗಿದರೆ ಕೇಸ್ ಒಡೆಯುತ್ತದೆ.

ಸ್ಪ್ರಿಂಗ್ ಬೋಲ್ಟ್‌ಗಳನ್ನು ಒಂದಾದ ಮೇಲೆ ಅದರ ಎದುರಿನದು ಎಂಬಂತೆ, ಪ್ರತಿ ಸಲ ಒಂದೊಂದು ಸುತ್ತು ಸಡಿಲಿಸಿ. ಪ್ರೆಷರ್ ಪ್ಲೇಟ್ ತೆಗೆಯುವಾಗ ಕೆಳಗೆ ಅಂಗೈ ಹಿಡಿಯಿರಿ: ಹಿಂದಿರುವ ವಾಷರ್, ಬೇರಿಂಗ್ ಅಥವಾ ಪುಟ್ಟ ಉಕ್ಕಿನ ಗುಂಡು ಉದುರಿ ಕಾಣೆಯಾಗುವುದು ಇಲ್ಲೇ. ಪ್ಲೇಟ್‌ಗಳನ್ನು ಬಾಗಿಸಿದ ತಂತಿಯಿಂದ ಎಳೆದು, ಬಂದ ಕ್ರಮದಲ್ಲೇ ತಂತಿಗೆ ಪೋಣಿಸಿ. ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳುವುದು ಇನ್ನೂ ಒಳ್ಳೆಯದು. ಕೆಲವು ಗಾಡಿಗಳಲ್ಲಿ ಎಲ್ಲಕ್ಕಿಂತ ಒಳಗಿನ ಫ್ರಿಕ್ಷನ್ ಪ್ಲೇಟ್‌ನ ಒಳವ್ಯಾಸ ದೊಡ್ಡದಿದ್ದು, ಅದರೊಳಗೆ ಅದುರು ತಡೆಯುವ ತೆಳ್ಳಗಿನ ಜಡ್ಡರ್ ಸ್ಪ್ರಿಂಗ್ ಕೂತಿರುತ್ತದೆ. ಅದು ಯಾವ ಮುಖವಾಗಿ ಇತ್ತು ಎಂಬುದು ಮುಖ್ಯ.

ಈಗ ಅಳತೆ. ಫ್ರಿಕ್ಷನ್ ಪ್ಲೇಟ್ ದಪ್ಪವನ್ನು ಮೂರು ನಾಲ್ಕು ಕಡೆ ಅಳೆಯಿರಿ. ಹೊಸದರಲ್ಲಿ 3.0 ಮಿ.ಮೀ. ಇದ್ದ ಪ್ಲೇಟ್‌ಗೆ ಮಿತಿ ಸಾಮಾನ್ಯವಾಗಿ 2.8ರ ಸುಮಾರು, ಇಷ್ಟು ಸಣ್ಣ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, "ಇನ್ನೂ ದಪ್ಪ ಇದೆಯಲ್ಲ" ಎಂದು ವಾಪಸ್ ಹಾಕುವುದು ಇದರಿಂದಲೇ. ದಪ್ಪ ಸರಿಯಿದ್ದರೂ ಮೇಲ್ಮೈ ಕಪ್ಪಾಗಿ ಗಾಜಿನಂತೆ ಹೊಳೆಯುತ್ತಿದ್ದರೆ, ಸುಟ್ಟ ವಾಸನೆ ಬಂದರೆ ಎಸೆಯಿರಿ. ಸ್ಟೀಲ್ ಪ್ಲೇಟನ್ನು ಗಾಜಿನ ಮೇಲೆ ಮಲಗಿಸಿ ಅಂಚಿನ ಕೆಳಗೆ ಫೀಲರ್ ಗೇಜ್ ತೂರಿಸಿ. 0.2 ಮಿ.ಮೀ. ಎಲೆ ಸರಾಗವಾಗಿ ಒಳಹೋದರೆ ಪ್ಲೇಟ್ ಬಾಗಿದೆ ಎನ್ನಬಹುದು, ಕೆಲವು ಮಾಡೆಲ್‌ಗಳಲ್ಲಿ 0.3ರವರೆಗೂ ಬಿಡುತ್ತಾರೆ. ನೀಲಿ ಬಣ್ಣಕ್ಕೆ ತಿರುಗಿದ್ದರೆ ಅಳೆಯುವ ಗೋಜೂ ಬೇಡ, ಅದು ಕಾದು ಹದ ಕಳೆದುಕೊಂಡಿದೆ. ಬರೀ ಹೊಳಪು ಬಂದಿರುವುದನ್ನು ಗಾಜಿನ ಮೇಲೆ ಎಮರಿ ಶೀಟ್ ಹಾಸಿ ವೃತ್ತಾಕಾರವಾಗಿ ಉಜ್ಜಿ, ಚೆನ್ನಾಗಿ ತೊಳೆದು ಮತ್ತೆ ಬಳಸಬಹುದು. ಸ್ಪ್ರಿಂಗ್‌ನ ಉದ್ದ ಹೊಸದಕ್ಕಿಂತ 1–2 ಮಿ.ಮೀ. ಕುಗ್ಗಿದರೆ ಸಾಮಾನ್ಯವಾಗಿ ಮಿತಿ ಮುಟ್ಟಿತು. ಒಂದು ಕುಗ್ಗಿದ್ದರೂ ಎಲ್ಲವನ್ನೂ ಬದಲಿಸಿ. ಇಲ್ಲದಿದ್ದರೆ ಪ್ರೆಷರ್ ಪ್ಲೇಟ್ ಓರೆಯಾಗಿ ಏಳುತ್ತದೆ.

ಹೊಸ ಫ್ರಿಕ್ಷನ್ ಪ್ಲೇಟ್‌ಗಳನ್ನು ಗಾಡಿಗೆ ಹಾಕುವ ಆಯಿಲ್‌ನಲ್ಲೇ ರಾತ್ರಿಯಿಡೀ ನೆನೆಸಿ. ಒಣಗಿದ್ದನ್ನೇ ಹಾಕಿದರೆ ಮೊದಲ ಐದು ನಿಮಿಷದಲ್ಲೇ ಸುಟ್ಟು ಗಾಜಾಗುತ್ತದೆ. ಜೋಡಿಸುವಾಗ ಮೊದಲನೆಯದೂ ಕೊನೆಯದೂ ಫ್ರಿಕ್ಷನ್ ಪ್ಲೇಟೇ ಆಗಿರುತ್ತದೆ, ಆದ್ದರಿಂದ ಸ್ಟೀಲ್ 7 ಇದ್ದರೆ ಫ್ರಿಕ್ಷನ್ 8. ಸ್ಟೀಲ್ ಪ್ಲೇಟ್‌ನ ಒಂದು ಅಂಚು ಚೂಪು, ಇನ್ನೊಂದು ದುಂಡು; ಎಲ್ಲವೂ ಒಂದೇ ಮುಖವಾಗಿರಲಿ. ಕೊನೆಯ ಫ್ರಿಕ್ಷನ್ ಪ್ಲೇಟ್‌ನ ಹೊರಚಾಚಿದ ಕಿವಿಗಳು ಪಕ್ಕದ ಗಿಡ್ಡ ಸಂದಿಗೆ ಕೂರುವ ಬಾಸ್ಕೆಟ್‌ಗಳೂ (ಪ್ಲೇಟ್‌ಗಳನ್ನು ಹೊರಗಿನಿಂದ ಹಿಡಿಯುವ ಬುಟ್ಟಿ) ಇವೆ, ಹಳೆಯ ಗುರುತು ನೋಡಿಕೊಳ್ಳಿ. ಸ್ಪ್ರಿಂಗ್ ಬೋಲ್ಟ್‌ಗಳು 6 ಎಂಎಂನವು, ಪ್ಲೇಟ್‌ಗಳ ನಡುವಿನ ಅಲ್ಯುಮಿನಿಯಂ ಹಬ್‌ಗೆ ಹೋಗುತ್ತವೆ. 8ರಿಂದ 10 ನ್ಯೂಟನ್ ಮೀಟರ್ ಸಾಕು. ಕೈಯಂದಾಜಿನಲ್ಲಿ "ಇನ್ನೊಂದು ಸ್ವಲ್ಪ" ಎಂದು ಎಳೆದಾಗಲೇ ಥ್ರೆಡ್ ಹೋಗುವುದು.

ಮೊದಲ ಓಟದ ನಂತರ ಫ್ರೀ ಪ್ಲೇ ಮತ್ತೆ ನೋಡಿ. ಹೊಸ ಪ್ಲೇಟ್‌ಗಳು ಕೂತಂತೆ ಅದು ಕಮ್ಮಿಯಾಗಿರುತ್ತದೆ.

ಪ್ರಶ್ನೆ: ಹೀಗೆಲ್ಲ ಹೊಸ ಪ್ಲೇಟ್ ಹಾಕಿದೆ. ಈಗ ಲಿವರ್ ಹಿಡಿದರೂ ಕ್ಲಚ್ ಬಿಡುವುದೇ ಇಲ್ಲ. ಏನು ತಪ್ಪಾಯಿತು?

ಉತ್ತರ: ಗಾಡಿ ಓಡಿಸಲು ಹೋಗಬೇಡಿ. ಮುಚ್ಚಳ ಮತ್ತೆ ತೆಗೆದು ಪ್ರೆಷರ್ ಪ್ಲೇಟ್ ಹಬ್‌ನ ಹಲ್ಲುಗಳಿಗೆ ಸರಿಯಾಗಿ ಕೂತಿದೆಯೇ ನೋಡಿ. ಹಲ್ಲಿನ ಮೇಲೆ ಹಲ್ಲು ನಿಂತಿದ್ದರೂ ಬೋಲ್ಟ್‌ಗಳು ಬಿಗಿಯಾಗುತ್ತವೆ, ಕಟ್ಟಿನಲ್ಲಿ ಮಾತ್ರ ಪ್ಲೇಟ್‌ಗಳು ಅಲುಗಾಡುತ್ತವೆ ಅಥವಾ ಬಿಡಿಸಿಕೊಳ್ಳುವುದೇ ಇಲ್ಲ. ಆ ಸ್ಥಿತಿಯಲ್ಲಿ ಬಿಗಿದರೆ ಪ್ರೆಷರ್ ಪ್ಲೇಟ್ ಸೀಳುತ್ತದೆ. ಸ್ಪ್ರಿಂಗ್ ಹಾಕುವ ಮೊದಲು ಪ್ರೆಷರ್ ಪ್ಲೇಟನ್ನು ಕೈಯಲ್ಲೇ ಒತ್ತಿ ಸ್ವಲ್ಪ ತಿರುಗಿಸಿ ನೋಡಿದ್ದರೆ ಇದು ಗೊತ್ತಾಗುತ್ತಿತ್ತು.

ಅದು ಸರಿಯಿದ್ದರೆ ಪುಶ್ ರಾಡ್‌ನ ಗುಂಡು ಅಥವಾ ವಾಷರ್ ಬಿಟ್ಟುಹೋಗಿದೆ, ಇಲ್ಲವೇ ಹೊಸ ಪ್ಲೇಟ್‌ಗಳು ದಪ್ಪವಾಗಿರುವುದರಿಂದ ಕೇಬಲ್‌ಗೆ ಮತ್ತೆ ಅಡ್ಜಸ್ಟ್‌ಮೆಂಟ್ ಬೇಕು. ಪ್ರೆಷರ್ ಪ್ಲೇಟ್ ನಡುವೆ ಸ್ಕ್ರೂ ಮತ್ತು ಲಾಕ್ ನಟ್ ಇರುವ ಹಳೆಯ ಮಾದರಿಗಳಲ್ಲಿ ಮೊದಲು ಕೇಬಲ್ ಸಡಿಲ ಬಿಟ್ಟು, ಸ್ಕ್ರೂ ಮೆಲ್ಲಗೆ ತಾಗುವವರೆಗೆ ತಿರುಗಿಸಿ, ಕಾಲು ಸುತ್ತು ಹಿಂದಕ್ಕೆ ತಂದು ನಟ್ ಬಿಗಿದು, ಆಮೇಲೆ ಕೇಬಲ್ ಹೊಂದಿಸಿ. ಕೇಬಲ್ ಎಳೆದು ಕ್ಲಚ್ ಬಿಡಿಸುವ ತೋಳು ಎಡಗಡೆ ಇರುವ ಗಾಡಿಗಳಲ್ಲಿ ಮುಚ್ಚಳ ಹಾಕುವ ಮೊದಲೇ ಯಾರಿಂದಲಾದರೂ ಲಿವರ್ ಹಿಡಿಸಿ: ಪ್ರೆಷರ್ ಪ್ಲೇಟ್ ಸುತ್ತಲೂ ಒಂದೇ ಸಮನಾಗಿ, 1ರಿಂದ 1.5 ಮಿ.ಮೀ.ನಷ್ಟು ಏಳಬೇಕು.

ಪ್ರಶ್ನೆ: ಎಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲ್ ಬೀಳುವುದಿಲ್ಲ. ಲಿವರ್ ಪೂರ್ತಿ ಹಿಡಿದರೂ ಗಾಡಿ ಮುಂದಕ್ಕೆ ನೂಕುತ್ತದೆ.

ಉತ್ತರ: ಎಂಜಿನ್ ಆಫ್ ಮಾಡಿದಾಗ ನ್ಯೂಟ್ರಲ್ ಸಲೀಸಾಗಿ ಬಿದ್ದರೆ ತಪ್ಪು ಕ್ಲಚ್‌ನದು. ಆಫ್ ಮಾಡಿದರೂ ಬೀಳದಿದ್ದರೆ ಗೇರ್ ಬದಲಿಸುವ ಭಾಗಗಳದು. ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಎತ್ತಿ, ಕ್ಲಚ್ ಹಿಡಿದು ಮೊದಲ ಗೇರ್ ಹಾಕಿದಾಗ ಚಕ್ರ ನಿಧಾನ ತಿರುಗುವುದು ಸಹಜ. ಆಯಿಲ್‌ನ ಅಂಟೇ ಅಷ್ಟು ತಿರುಗಿಸುತ್ತದೆ. ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ. ಚಕ್ರ ನಿಂತು ಎಂಜಿನ್ ಹಾಗೇ ಓಡುತ್ತಿದ್ದರೆ ಕ್ಲಚ್ ಬಿಡುತ್ತಿದೆ. ಎಂಜಿನ್ ಕುಸಿದರೆ ಅದು ಪೂರ್ತಿ ಬಿಡದೆ ಎಳೆಯುತ್ತಿದೆ.

ಬಿಸಿಯಾದಾಗ ಮಾತ್ರ ಎಂದರೆ ಕಾರಣ ಹೆಚ್ಚಾಗಿ ಹೀಗಿರುತ್ತದೆ: ಅರ್ಧ ಕ್ಲಚ್‌ನಲ್ಲಿ ಬಹಳ ಹೊತ್ತು ಆಡಿಸಿದಾಗ ಪ್ಲೇಟ್‌ಗಳು ಕಾದು ಉಬ್ಬಿ ಕಟ್ಟು ದಪ್ಪವಾಗುತ್ತದೆ, ಫ್ರೀ ಪ್ಲೇ ಹೆಚ್ಚುತ್ತದೆ, ಲಿವರ್ ಪೂರ್ತಿ ಹಿಡಿದರೂ ಸಾಲುವುದಿಲ್ಲ. ತಣ್ಣಗಾದ ಮೇಲೆ ಮೊದಲಿನಂತಾಗುತ್ತದೆ. ಆ ಬಿಸಿಯಲ್ಲಿ ಕೇಬಲ್ ಬಿಗಿ ಮಾಡಿದವರು ತಣ್ಣಗಾದ ಮೇಲೆ ಸಡಿಲ ಬಿಡಲು ಮರೆತರೆ ಮರುದಿನ ಕ್ಲಚ್ ಜಾರುತ್ತದೆ. ಬಾಗಿದ ಸ್ಟೀಲ್ ಪ್ಲೇಟ್, ತುದಿ ಅಣಬೆಯಂತೆ ಅಗಲವಾದ ಪುಶ್ ರಾಡ್, ಸಡಿಲವಾದ ಹಬ್ ನಟ್ ಕೂಡ ಇದೇ ಲಕ್ಷಣ ತೋರಿಸುತ್ತವೆ.

ಪ್ರಶ್ನೆ: ಕ್ಲಚ್ ಲಿವರ್ ಬಿಡುವಾಗ ಗಾಡಿ ಜರ್ಕ್ ಹೊಡೆಯುತ್ತದೆ. ಬಾಸ್ಕೆಟ್‌ನಲ್ಲಿ ಗೀರು ಬಿದ್ದಿದೆ, ಅರ ಹಾಕಿ ಸರಿ ಮಾಡಬಹುದೇ?

ಉತ್ತರ: ಬಾಸ್ಕೆಟ್‌ನ ಬೆರಳುಗಳ ಒಳಬದಿಗೆ ಉಗುರು ಎಳೆಯಿರಿ. ಫ್ರಿಕ್ಷನ್ ಪ್ಲೇಟ್‌ನ ಕಿವಿಗಳು ಬಡಿದು ಬಡಿದು ಏಣಿಯಂತೆ ಮೆಟ್ಟಿಲು ಮಾಡಿರುತ್ತವೆ. ಪ್ಲೇಟ್‌ಗಳು ಸರಾಗವಾಗಿ ಜಾರುವ ಬದಲು ಒಂದೊಂದು ಮೆಟ್ಟಿಲಿಗೂ ಸಿಕ್ಕಿ ಬಿಡಿಸಿಕೊಳ್ಳುತ್ತವೆ, ಜರ್ಕ್ ಅದರದ್ದೇ. ಗೀರು 0.5 ಮಿ.ಮೀ. ಒಳಗಿದ್ದರೆ ನಯವಾದ ಚಪ್ಪಟೆ ಅರದಿಂದ ತೆಗೆಯಬಹುದು. ಎಲ್ಲ ಬೆರಳಿಗೂ ಎಣಿಸಿ ಅಷ್ಟಷ್ಟೇ ಎಳೆತ, ಅರ ನೇರವಾಗಿರಲಿ. ಒಂದೇ ಬೆರಳನ್ನು ಹೆಚ್ಚು ತೇದರೆ ಭಾರವೆಲ್ಲ ಉಳಿದವುಗಳ ಮೇಲೆ ಬೀಳುತ್ತದೆ. ಅರ ಹಾಕಿದಷ್ಟೂ ಸಂದಿ ಅಗಲವಾಗಿ, ಕಿವಿಗಳು ಇನ್ನಷ್ಟು ಜೋರಾಗಿ ಬಡಿಯುತ್ತವೆ. ಹಾಗಾಗಿ ಇದು ಒಂದು ಸಲದ ಉಪಾಯ. ಎರಡನೇ ಸಲಕ್ಕೆ ಹೊಸ ಬಾಸ್ಕೆಟ್ ಹುಡುಕಿ.

ಬಾಸ್ಕೆಟನ್ನು ಎಂಜಿನ್‌ನಲ್ಲಿಟ್ಟೇ ಅರ ಹಾಕಬೇಡಿ, ಅಲ್ಯುಮಿನಿಯಂ ಪುಡಿ ಬೇರಿಂಗ್‌ಗೆ ಹೋಗುತ್ತದೆ. ಹಬ್ ನಟ್ ಬಿಚ್ಚಲು ಹಬ್ ಹಿಡಿಯುವ ಟೂಲ್ ಬೇಕೇ ಬೇಕು. ಬೆರಳುಗಳ ನಡುವೆ ಸ್ಕ್ರೂಡ್ರೈವರ್ ಸಿಕ್ಕಿಸಿದರೆ ಬೆರಳು ಮುರಿಯುತ್ತದೆ. ಮಡಚುವ ಲಾಕ್ ವಾಷರ್ ಹೊಸದು ಹಾಕಿ. ಬಾಸ್ಕೆಟ್ ಹೊರಬಂದಾಗ ಹಿಂದಿನ ರಿವೆಟ್‌ಗಳನ್ನೂ ಅಲುಗಾಡಿಸಿ ನೋಡಿ. ಐಡಲ್‌ನಲ್ಲಿ ಕಟಕಟ ಸದ್ದು ಇದ್ದು ಲಿವರ್ ಹಿಡಿದಾಗ ನಿಲ್ಲುತ್ತಿದ್ದರೆ ಸಾಮಾನ್ಯವಾಗಿ ಬಾಸ್ಕೆಟ್‌ನ ಸಡಿಲವೇ ಕಾರಣ.

ಪ್ರಶ್ನೆ: ಎರಡು ವರ್ಷ ನಿಲ್ಲಿಸಿದ್ದ ಗಾಡಿ. ಕ್ಲಚ್ ಹಿಡಿದು ಗೇರ್ ಹಾಕಿದ ಕೂಡಲೇ ಎಗರಿ ಆಫ್ ಆಗುತ್ತದೆ.

ಉತ್ತರ: ಪ್ಲೇಟ್‌ಗಳು ಒಂದಕ್ಕೊಂದು ಅಂಟಿಕೊಂಡಿವೆ. ಆಯಿಲ್ ಬದಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಚೆನ್ನಾಗಿ ಬಿಸಿ ಮಾಡಿ ಆಫ್ ಮಾಡಿ. ಮೂರನೇ ಗೇರ್ ಹಾಕಿ, ಲಿವರ್ ಪೂರ್ತಿ ಹಿಡಿದು ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಜೋರಾಗಿ ತಳ್ಳಿ. ಸಾಮಾನ್ಯವಾಗಿ ಟಪ್ಪೆಂದು ಬಿಡುತ್ತದೆ. ಬಿಡದಿದ್ದರೆ ಲಿವರನ್ನು ಹ್ಯಾಂಡಲ್‌ಗೆ ಕಟ್ಟಿ ರಾತ್ರಿ ಬಿಟ್ಟು, ಬೆಳಗ್ಗೆ ಮತ್ತೆ ಪ್ರಯತ್ನಿಸಿ. ಅದಕ್ಕೂ ಬಗ್ಗದಿದ್ದರೆ ಮುಚ್ಚಳ ತೆಗೆದು ಪ್ಲೇಟ್‌ಗಳನ್ನು ಕೈಯಿಂದಲೇ ಬಿಡಿಸಬೇಕು. ಆಗ ಸ್ಟೀಲ್ ಪ್ಲೇಟ್ ಮೇಲೆ ತುಕ್ಕಿನ ಚುಕ್ಕೆ ಕಂಡರೆ ಬದಲಿಸಿ, ತುಕ್ಕಿನ ಗುಳಿ ಹೊಸ ಫ್ರಿಕ್ಷನ್ ಪ್ಲೇಟನ್ನೂ ತಿನ್ನುತ್ತದೆ.