ಎಲ್ಲಿಂದ ಶುರು ಮಾಡಲಿ? ಮನೆ ಹಗುರ ಮಾಡುವ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ರಜೆಯ ದಿನ ಹುರುಪಿನಿಂದ ಬೀರು ಪೂರ್ತಿ ಖಾಲಿ ಮಾಡಿ ಎಲ್ಲವನ್ನೂ ಮಂಚದ ಮೇಲೆ ಸುರಿಯುತ್ತೇನೆ. ಮಧ್ಯಾಹ್ನದ ಹೊತ್ತಿಗೆ ತಲೆ ಚಿಟ್ಟು ಹಿಡಿಯುತ್ತದೆ. ರಾತ್ರಿ ಮಲಗಲು ಜಾಗ ಬೇಕಲ್ಲ, ಎಲ್ಲವನ್ನೂ ಮತ್ತೆ ಒಳಗೆ ತುರುಕುತ್ತೇನೆ. ಮೂರು ಸಲ ಹೀಗೇ ಆಯಿತು. ತಪ್ಪು ಎಲ್ಲಿದೆ?

ಉತ್ತರ: ಮಂಚದ ಮೇಲೆ ಸುರಿದದ್ದರಲ್ಲೇ ಇದೆ. ಬೀರುವಿನಲ್ಲಿ ಮುನ್ನೂರು ವಸ್ತುಗಳಿದ್ದರೆ ಮುನ್ನೂರು ಸಲ ‘ಇಡಲೋ, ಕೊಡಲೋ’ ಎಂದು ತೀರ್ಮಾನಿಸಬೇಕು. ಮೈ ದಣಿಯುವುದಕ್ಕೆ ಎಷ್ಟೋ ಮೊದಲು ಆ ತೀರ್ಮಾನಿಸುವ ಶಕ್ತಿ ಸೋತುಹೋಗುತ್ತದೆ. ಆದ್ದರಿಂದ ಒಂದು ಡ್ರಾಯರ್ ಅಥವಾ ಬೀರುವಿನ ಒಂದೇ ಒಂದು ಅರೆ ಆರಿಸಿಕೊಳ್ಳಿ. 20 ನಿಮಿಷಕ್ಕೆ ಅಲಾರಂ ಇಡಿ. ಹದಿನೈದು ನಿಮಿಷ ವಿಂಗಡಿಸಲು, ಕೊನೆಯ ಐದು ನಿಮಿಷ ವಾಪಸ್ ಜೋಡಿಸಲು. ಹೊರತೆಗೆದದ್ದು ಆ ಅವಧಿಯೊಳಗೇ ಒಂದು ನೆಲೆ ಸೇರಬೇಕು. ಇದೊಂದು ನಿಯಮವನ್ನು ಮಾತ್ರ ಸಡಿಲಿಸಬೇಡಿ.

ಮೊದಲ ಸುತ್ತಿನಲ್ಲಿ ಯೋಚಿಸಬೇಕಾಗಿಯೇ ಇಲ್ಲದ ಕಸ ತೆಗೆಯಿರಿ: ಬರೆಯದ ಪೆನ್ನು, ಮುಚ್ಚಳ ಕಳೆದುಕೊಂಡ ಡಬ್ಬಿ, ಅವಧಿ ಮುಗಿದ ಮುಲಾಮು. ಎರಡನೇ ಸುತ್ತಿನಲ್ಲಿ ಒಂದೇ ಬಗೆಯವು ಒಂದಕ್ಕಿಂತ ಹೆಚ್ಚಿವೆಯೇ ನೋಡಿ. ನಾಲ್ಕು ಕತ್ತರಿಗಳಲ್ಲಿ ಚೆನ್ನಾಗಿ ಕತ್ತರಿಸುವುದು ಯಾವುದೆಂದು ಕೈಗೆ ಗೊತ್ತಿರುತ್ತದೆ. ಇಷ್ಟಾದ ಮೇಲೆ ಉಳಿಯುವುದು ಸಾಮಾನ್ಯವಾಗಿ ಹೆದರಿದಷ್ಟು ಇರುವುದಿಲ್ಲ.

ಪಕ್ಕದಲ್ಲಿ ಕಸದ ಚೀಲ, ಕೊಡುವ ಚೀಲ, ಒಂದು ಬುಟ್ಟಿ, ಶೂ ಬಾಕ್ಸಿನಷ್ಟು ದೊಡ್ಡದೊಂದು ಪೆಟ್ಟಿಗೆ ಇರಲಿ. ಬೇರೆ ಕೋಣೆಗೆ ಸೇರಿದ್ದೆಲ್ಲ ಬುಟ್ಟಿಗೆ. ಎದ್ದು ಹೋಗಿ ಇಟ್ಟುಬರುತ್ತೇನೆಂದು ಹೊರಟರೆ ಆ ಕೋಣೆಯ ಕೆಲಸ ಹಿಡಿದುಕೊಂಡು ಕೂರುತ್ತೀರಿ. ಹತ್ತು ಸೆಕೆಂಡಿನಲ್ಲಿ ತೀರ್ಮಾನವಾಗದ್ದು ಪೆಟ್ಟಿಗೆಗೆ. ಅದರಲ್ಲಿ ಬೀಗದ ಕೈ, ದಾಖಲೆ, ಹಣ ಸೇರಿಲ್ಲವೆಂದು ಒಮ್ಮೆ ಖಚಿತಪಡಿಸಿಕೊಂಡು ಟೇಪ್ ಹಾಕಿ, ಮೇಲೆ ಆರು ತಿಂಗಳು ಮುಂದಿನ ದಿನಾಂಕ ಬರೆಯಿರಿ. ಆ ದಿನ ಬಂದಾಗಲೂ ಟೇಪ್ ಹಾಗೇ ಇದ್ದರೆ ತೆರೆದು ನೋಡದೆ ಕೊಟ್ಟುಬಿಡಿ. ತೆರೆದರೆ ಮತ್ತೆ ಮೊದಲಿಂದ ಶುರು.

ಬಚ್ಚಲುಮನೆ, ಔಷಧದ ಡಬ್ಬಿಯಂಥ ಮಮತೆ ಅಂಟದ ಜಾಗಗಳು ಮೊದಲು, ಫೋಟೋ ಮತ್ತು ಪತ್ರಗಳು ಕಟ್ಟಕಡೆಗೆ. ಅವಧಿ ಮುಗಿದ ಮಾತ್ರೆಗಳನ್ನು ಔಷಧ ಅಂಗಡಿಯಲ್ಲಿ ವಾಪಸ್ ಪಡೆಯುವ ವ್ಯವಸ್ಥೆ ಇದ್ದರೆ ಅಲ್ಲಿಗೆ ಕೊಡಿ. ಇಲ್ಲದಿದ್ದರೆ ಪೊಟ್ಟಣದಿಂದ ತೆಗೆದು ಮಣ್ಣಿನಲ್ಲಿ ಬೆರೆಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ.

ಪ್ರಶ್ನೆ: ಕೆಲಸ ಶುರು ಮಾಡುವ ಮೊದಲು ಒಂದೇ ಅಳತೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ಕೊಂಡರೆ ಅನುಕೂಲವೇ?

ಉತ್ತರ: ಬೇಡ. ಏನು ಉಳಿಯುತ್ತದೆಂದು ಗೊತ್ತಾಗುವ ಮೊದಲೇ ಕೊಂಡ ಡಬ್ಬಿ, ಬೇಡದ್ದನ್ನು ಚೆಂದವಾಗಿ ಬಚ್ಚಿಡಲು ನೆರವಾಗುತ್ತದಷ್ಟೆ. ವಿಂಗಡಿಸಿ ಮುಗಿದ ಮೇಲೆ ಅರೆಯ ಅಗಲ, ಆಳ, ಎತ್ತರ ಅಳೆದುಕೊಂಡು ಹೋಗಿ. ಅಷ್ಟರಲ್ಲಿ ಮನೆಯಲ್ಲೇ ಕೆಲವು ಡಬ್ಬಿಗಳು ಖಾಲಿಯಾಗಿರುತ್ತವೆ.

ಪ್ರಶ್ನೆ: ತುಂಬ ದುಡ್ಡು ಕೊಟ್ಟು ತಂದ ಬಟ್ಟೆಗಳು ವರ್ಷಗಳಿಂದ ಹಾಗೇ ತೂಗುತ್ತಿವೆ. ಹಾಕುವುದಿಲ್ಲ, ಕೊಡಲೂ ಮನಸ್ಸು ಬಾರದು.

ಉತ್ತರ: ಕೈಯಲ್ಲಿರುವ ವಸ್ತುವಿಗೆ ಅದರ ಯೋಗ್ಯತೆಗಿಂತ ಹೆಚ್ಚು ಬೆಲೆ ಕಟ್ಟುವ ಈ ಸ್ವಭಾವಕ್ಕೆ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1980ರಲ್ಲಿ ‘ಎಂಡೋಮೆಂಟ್ ಎಫೆಕ್ಟ್’ ಎಂದು ಹೆಸರಿಟ್ಟರು. 1990ರಲ್ಲಿ ಅವರು ಸಂಶೋಧಕರಾದ ಡೇನಿಯಲ್ ಕಾನಮನ್ ಮತ್ತು ಜ್ಯಾಕ್ ನೆಚ್ ಜೊತೆ ಪ್ರಕಟಿಸಿದ ಪ್ರಯೋಗಗಳಲ್ಲಿ ಅರ್ಧ ಜನರಿಗೆ ಒಂದೊಂದು ಮಗ್ ಕೊಟ್ಟಿದ್ದರು. ಮಗ್ ಸಿಕ್ಕವರು ಅದನ್ನು ಮಾರಲು ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ ಬೆಲೆಗಿಂತ ಸುಮಾರು ಎರಡು ಪಟ್ಟು ಇತ್ತು. ಕೈಗೆ ಬಂದು ಕೆಲವೇ ನಿಮಿಷವಾದ ಮಗ್ಗಿಗೇ ಇಷ್ಟು ಮೋಹ! ಆದ್ದರಿಂದ ‘ಎಷ್ಟು ಕೊಟ್ಟಿದ್ದೆ’ ಎಂದು ಕೇಳಿಕೊಳ್ಳಬೇಡಿ, ‘ಇವತ್ತು ಅಂಗಡಿಯಲ್ಲಿ ಕಂಡರೆ ಕೊಳ್ಳುತ್ತೇನೆಯೇ’ ಎಂದು ಕೇಳಿಕೊಳ್ಳಿ.

ಆಗಲೂ ಅನುಮಾನವಿದ್ದರೆ ಎಲ್ಲ ಹ್ಯಾಂಗರ್‌ಗಳ ಕೊಕ್ಕೆಯನ್ನು ತಿರುವಿ ತೂಗುಹಾಕಿ. ತೊಟ್ಟು ಒಗೆದದ್ದನ್ನು ಮಾತ್ರ ನೇರವಾಗಿ ಹಾಕುತ್ತ ಬನ್ನಿ. ಒಂದು ವರ್ಷವಾದ ಮೇಲೂ ತಿರುವಿಯೇ ಇರುವ ಕೊಕ್ಕೆಗಳು ಉತ್ತರ ಹೇಳುತ್ತವೆ. ಆರು ತಿಂಗಳಿಗೇ ನೋಡಿದರೆ ಚಳಿಗಾಲದ ಬಟ್ಟೆಗಳಿಗೆ ಅನ್ಯಾಯವಾಗುತ್ತದೆ. ಉಣ್ಣೆಯದನ್ನು ಎತ್ತಿಡುವಾಗ ಒಗೆದು ಪೂರ್ತಿ ಒಣಗಿಸಿ. ಬೆವರು, ಕಲೆ ಇದ್ದ ಕಡೆಯೇ ನುಸಿಹುಳ ಮೊದಲು ಕೊರೆಯುವುದು. ತೇವ ಉಳಿದ ಬಟ್ಟೆಯನ್ನು ಗಾಳಿಯಾಡದ ಚೀಲಕ್ಕೆ ಹಾಕಿದರೆ ಬೂಷ್ಟು ಖಚಿತ.

ಪ್ರಶ್ನೆ: ಕಾಗದಪತ್ರಗಳ ರಾಶಿ ನೋಡಿದರೇ ಭಯ.

ಉತ್ತರ: ರಾಶಿ ಮಾಡುವಾಗ ಓದಬೇಡಿ, ತಲೆಬರಹ ನೋಡಿ ಹಾಕುತ್ತ ಹೋಗಿ. ಜನನ ಪ್ರಮಾಣಪತ್ರ, ಆಸ್ತಿ ಪತ್ರ, ಪದವಿ, ಉಯಿಲು ಇಂಥ ಮೂಲಪ್ರತಿಗಳು ಒಂದು ಕಡೆ. ಚಾಲ್ತಿಯಲ್ಲಿರುವ ವಿಮೆ, ವಾರಂಟಿ, ಕಾನೂನು ಹೇಳಿದಷ್ಟು ವರ್ಷ ಇಡಬೇಕಾದ ತೆರಿಗೆ ಕಾಗದ ಇನ್ನೊಂದು ಕಡೆ. ಉಳಿದದ್ದೆಲ್ಲ ಸೇರುವ ಮೂರನೆಯ ರಾಶಿಯೇ ದೊಡ್ಡದಾಗುತ್ತದೆ, ಅದರ ಬಹುಪಾಲು ಹೊರಗೆ ಹೋಗುವಂಥದ್ದು. ಖಾತೆ ಸಂಖ್ಯೆ, ಸಹಿ ಇರುವುದನ್ನು ಚೂರು ಮಾಡದೆ ರದ್ದಿಗೆ ಹಾಕಬೇಡಿ.

ವಾರಂಟಿ ರಸೀದಿಯನ್ನು ಉಗುರಿನಿಂದ ಬಿರುಸಾಗಿ ಗೀರಿ ನೋಡಿ. ಕಪ್ಪು ಗೆರೆ ಮೂಡಿದರೆ ಅದು ಥರ್ಮಲ್ ಕಾಗದ. ಅಲ್ಲಿ ಶಾಯಿಯೇ ಇಲ್ಲ, ಬಿಸಿಗೆ ಬಣ್ಣ ತಿರುಗುವ ಲೇಪನವಷ್ಟೇ ಇರುವುದು. ಬಿಸಿಲಿಗೆ ಮಾಸುತ್ತದೆ, ಪಿವಿಸಿ ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನ ಮಾಡಿದರೂ ಮಾಸಬಹುದು. ತಂದ ದಿನವೇ ಫೋಟೋ ತೆಗೆದಿಡಿ. ಉಳಿದ ದಾಖಲೆಗಳನ್ನು ಸ್ಕ್ಯಾನ್ ಮಾಡಲು 300 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕೆ ಎಂಬ ಅಳತೆ) ಸಾಕು. ಕಡತದ ಹೆಸರನ್ನು ವರ್ಷ, ತಿಂಗಳು, ದಿನದ ಕ್ರಮದಲ್ಲಿ ಶುರು ಮಾಡಿ, ‘2024-03-15-ವಿಮೆ’ ಎಂಬಂತೆ. ಕಂಪ್ಯೂಟರ್ ತಾನಾಗಿ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ಮೂಲಪ್ರತಿಗಳನ್ನು ಸ್ಕ್ಯಾನ್ ಆಯಿತೆಂದು ಬಿಸಾಡುವಂತಿಲ್ಲ.

ಪ್ರಶ್ನೆ: ಹಳೆಯ ಫೋನು, ಚಾರ್ಜರ್, ವೈರುಗಳು ಒಂದು ಡ್ರಾಯರ್ ತುಂಬ ಇವೆ. ಯಾವುದು ಯಾವುದಕ್ಕೆ ಎಂದೇ ಗೊತ್ತಿಲ್ಲ.

ಉತ್ತರ: ಅಡಾಪ್ಟರ್ ಮೇಲೆ ‘ಔಟ್‌ಪುಟ್’ ಎಂದಿರುವ ಸಾಲು ಓದಿ. ಉಪಕರಣ ಕೇಳುವ ವೋಲ್ಟ್ ಅದಕ್ಕೆ ಸರಿಹೊಂದಬೇಕು, ಅಡಾಪ್ಟರಿನ ಆಂಪಿಯರ್ ಉಪಕರಣ ಕೇಳುವಷ್ಟೇ ಇರಬೇಕು ಅಥವಾ ಹೆಚ್ಚಿರಬೇಕು. ದುಂಡು ಪಿನ್ನಿನದಾದರೆ ಪ್ಲಸ್-ಮೈನಸ್ ಗುರುತೂ ಹೊಂದಬೇಕು. ಜೋಡಿ ಸಿಕ್ಕದ್ದಕ್ಕೆ ಅಂಟುಪಟ್ಟಿ ಕಟ್ಟಿ ಹೆಸರು ಬರೆಯಿರಿ. ಜೋಡಿಯೇ ಇಲ್ಲದ್ದು ಇ-ತ್ಯಾಜ್ಯ. ವೈರುಗಳಲ್ಲಿ ಪ್ರತಿ ಬಗೆಯದೂ ಬಳಕೆಗೊಂದು, ಹೆಚ್ಚುವರಿ ಒಂದು ಸಾಕು.

ಫೋನ್ ಉಬ್ಬಿದ್ದರೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಬ್ಯಾಟರಿ ಕೀಳಲು ಹೋಗಬೇಡಿ. ಬೆಂಕಿ ಹಿಡಿಯುವ ವಸ್ತುಗಳಿಂದ ದೂರ ಇಟ್ಟು ಬೇಗ ಇ-ತ್ಯಾಜ್ಯ ಕೇಂದ್ರಕ್ಕೆ ಮುಟ್ಟಿಸಿ. 9 ವೋಲ್ಟ್ ಬ್ಯಾಟರಿಯ ಎರಡೂ ತುದಿಗಳು ಅಕ್ಕಪಕ್ಕ ಇರುವುದರಿಂದ ಒಂದು ನಾಣ್ಯವೋ ಪಿನ್ನೋ ತಾಕಿದರೆ ಸಾಕು, ಕಾವೇರುತ್ತದೆ. ತುದಿಗಳಿಗೆ ಟೇಪ್ ಸುತ್ತಿ. ಬಟನ್ ಬ್ಯಾಟರಿಗಳು ಮಕ್ಕಳ ಕೈಗೆ ಎಟುಕಲೇಬಾರದು.

ಸರಿಯಾಗಿರುವ ಫೋನನ್ನು ಬೇರೆಯವರಿಗೆ ಕೊಡುವಾಗ ಕ್ರಮ ಮುಖ್ಯ: ಮೊದಲು ಬ್ಯಾಕಪ್, ಆಮೇಲೆ ನಿಮ್ಮ ಖಾತೆಯಿಂದ ಲಾಗ್‌ಔಟ್, ಕೊನೆಗೆ ಫ್ಯಾಕ್ಟರಿ ರೀಸೆಟ್. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಪಡೆದವರು ಆನ್ ಮಾಡಿದಾಗ ನಿಮ್ಮ ಪಾಸ್‌ವರ್ಡ್ ಕೇಳುತ್ತ ಕೂರುತ್ತದೆ. ಸಿಮ್, ಮೆಮೊರಿ ಕಾರ್ಡ್ ತೆಗೆಯಲು ಮರೆಯಬೇಡಿ.

ಪ್ರಶ್ನೆ: ತೀರಿಕೊಂಡ ಅಮ್ಮನ ವಸ್ತುಗಳನ್ನು ಮುಟ್ಟಲೂ ಆಗುತ್ತಿಲ್ಲ.

ಉತ್ತರ: ಅವಸರವೇನೂ ಇಲ್ಲ. ದಾಖಲೆ ಮತ್ತು ಬೀಗದ ಕೈ ಮಾತ್ರ ಈಗ ಹುಡುಕಿ. ಪುಸ್ತಕದ ಪುಟಗಳ ನಡುವೆ, ಬಟ್ಟೆಯ ಜೇಬಿನಲ್ಲಿ ನೋಡದೆ ಏನನ್ನೂ ಹೊರಗೆ ಕೊಡಬೇಡಿ. ಮನಸ್ಸು ಸಿದ್ಧವಾದಾಗ ‘ಯಾವುದನ್ನು ಕೊಡಲಿ’ ಎಂದು ಶುರು ಮಾಡುವ ಬದಲು, ಒಂದು ಪೆಟ್ಟಿಗೆ ಇಟ್ಟುಕೊಂಡು ಅದರಲ್ಲಿ ಹಿಡಿಸುವಷ್ಟನ್ನು ಆರಿಸಿಕೊಳ್ಳಿ. ದಿನವೂ ಬಳಸಬಹುದಾದ ವಸ್ತು ಅದರಲ್ಲಿದ್ದರೆ ಬಳಸಿ. ಅಂಟುಹಾಳೆಯ ಹಳೆಯ ಆಲ್ಬಮ್‌ಗಳಿಂದ ಫೋಟೋಗಳನ್ನು ಬಿಡಿಸಿಡುವುದು ಒಳ್ಳೆಯದು, ಆ ಅಂಟು ಚಿತ್ರವನ್ನು ಹಾಳುಮಾಡುತ್ತದೆ. ಎಳೆದು ಕೀಳಬೇಡಿ. ಹಲ್ಲಿನ ಸಂದಿ ಶುಚಿ ಮಾಡುವ ಮೇಣವಿಲ್ಲದ ದಾರವನ್ನು (ಡೆಂಟಲ್ ಫ್ಲಾಸ್) ಫೋಟೋ ಹಿಂದೆ ತೂರಿಸಿ, ಗರಗಸದಂತೆ ಮೆಲ್ಲಗೆ ಆಡಿಸಿ. ಸ್ವಲ್ಪವೂ ಜಗ್ಗದಿದ್ದರೆ ಪುಟದಲ್ಲಿದ್ದಂತೆಯೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಬಿಟ್ಟುಬಿಡಿ.

ಪ್ರಶ್ನೆ: ಹತ್ತಿರದ ಸಂಬಂಧಿಯ ಮನೆಯಲ್ಲಿ ನಡೆದಾಡಲೂ ಜಾಗವಿಲ್ಲ. ಅವರಿಲ್ಲದಾಗ ಎಲ್ಲ ಖಾಲಿ ಮಾಡಿಸಿಬಿಡಲೇ?

ಉತ್ತರ: ದಯವಿಟ್ಟು ಮಾಡಬೇಡಿ. ನಂಬಿಕೆ ಮುರಿಯುತ್ತದೆ, ಮನೆ ಮತ್ತೆ ತುಂಬಿಕೊಳ್ಳುತ್ತದೆ. ಮಂಚ, ಒಲೆ ಬಳಸಲಾಗದಷ್ಟು ವಸ್ತುಗಳಿದ್ದು, ಬಿಡುವುದೆಂದರೆ ತೀವ್ರ ಸಂಕಟವಾಗುತ್ತಿದ್ದರೆ ಅದು ಸೋಮಾರಿತನವಲ್ಲ, ಹೋರ್ಡಿಂಗ್ ಎಂಬ ಮನೋವ್ಯಾಧಿ ಇರಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಮನೋರೋಗಗಳ ಕೈಪಿಡಿ ಡಿಎಸ್‌ಎಂ-5 ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದೆ. ಮನೋವೈದ್ಯರ ನೆರವು ಪಡೆಯಿರಿ. ಅಷ್ಟರವರೆಗೆ ಅವರ ಒಪ್ಪಿಗೆಯಿಂದ ಬಾಗಿಲ ದಾರಿ ಮತ್ತು ಒಲೆಯ ಸುತ್ತಮುತ್ತ ಮಾತ್ರ ತೆರವು ಮಾಡಿ.

ಪ್ರಶ್ನೆ: ಕೊಡಲೆಂದು ತುಂಬಿದ ಚೀಲ ಮೂರು ತಿಂಗಳಿಂದ ಬಾಗಿಲ ಬಳಿಯೇ ಇದೆ.

ಉತ್ತರ: ಯಾರಿಗೆ, ಯಾವತ್ತು ಎಂದು ಚೀಲದ ಮೇಲೆಯೇ ಬರೆಯಿರಿ. ಇವೆರಡೂ ಗೊತ್ತಿಲ್ಲದಿದ್ದರೆ ಹೊಸ ಡ್ರಾಯರ್ ತೆರೆಯಬೇಡಿ. ಚೀಲದ ಬಾಯಿ ಕಟ್ಟಿರಲಿ. ತೆರೆದ ಚೀಲದಿಂದ ವಸ್ತುಗಳು ಒಂದೊಂದಾಗಿ ಬೀರುವಿಗೆ ವಾಪಸಾಗುತ್ತವೆ.