ಬದಿಯಡ್ಕದ ಕಡೆ ಜಾಗ ಕೊಳ್ಳುವ ಮುಂಚೆ ನೀರಿನ ಲೆಕ್ಕ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಹತ್ತು ಸೆಂಟ್ಸ್ ಜಾಗ ನೋಡಿದ್ದೀರಿ, ಬಾವಿ ತೋಡಲು ಏನೇನು ನಿಯಮ ಇದೆ ಎಂದು ಕೇಳಿದ್ದೀರಿ. ಮೊದಲು ಒಂದು ವಿಷಯ. ಇಲ್ಲಿ ಅಂಗಡಿಯಲ್ಲೂ ಬಸ್ಸಿನಲ್ಲೂ ಕನ್ನಡ ಕೇಳಿಸುತ್ತದೆ, ಮಳೆಗಾಲ ಮುಗಿದರೆ ಯಕ್ಷಗಾನ ಶುರುವಾಗುತ್ತದೆ, ಹಾಗಂತ ಇದು ಕರ್ನಾಟಕ ಅಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದವರು. ಜಾಗದ ವಿಷಯದಲ್ಲಿ ಪುತ್ತೂರು, ಸುಳ್ಯದ ಲೆಕ್ಕ ಹಿಡಿದುಕೊಂಡು ಬಂದರೆ ಇಲ್ಲಿ ಪೆಟ್ಟು ತಿನ್ನುತ್ತೀರಿ.

ಕರ್ನಾಟಕದ 1999ರ ಅಂತರ್ಜಲ ಕಾನೂನನ್ನೇ ನೋಡಿ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಬಾವಿಯೋ ಬೋರ್‌ವೆಲ್ಲೋ ತೆಗೆಯಬೇಕಾದರೆ ಅನುಮತಿ ಬೇಕು. ಕೇರಳದ 2002ರ ಕಾನೂನಿನಲ್ಲಿ, ಊರಿಗೆಂದು ಪಂಪ್ ಮಾಡುವ ಮೂಲದಿಂದ 30 ಮೀಟರ್ ಅಷ್ಟೇ. ಕೇಳಿದವರಿಗೆ ಆಶ್ಚರ್ಯ ಆಗುತ್ತದೆ. ಆದರೆ ಇಲ್ಲಿ ಮನೆಗೊಂದು ಬಾವಿ, ಒಂದು ಮನೆಯ ಅಂಗಳದಿಂದ ಇನ್ನೊಂದು ಮನೆಯ ಬಾವಿ ಕಾಣುತ್ತದೆ. 500 ಮೀಟರ್ ಎಂದು ಬರೆದಿದ್ದರೆ ಅರ್ಧ ಊರು ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲಬೇಕಾಗುತ್ತಿತ್ತು.

ನಿಮಗೆ ನಿಜವಾಗಿ ತಾಗುವುದು ಏಳೂವರೆ ಮೀಟರ್‌ನ ನಿಯಮ. ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ಒಳಗೆ ಸೆಪ್ಟಿಕ್ ಟ್ಯಾಂಕ್, ಶೌಚದ ನೀರಿನ ಇಂಗುಗುಂಡಿ ಬರಬಾರದು. ಪಂಚಾಯತ್ ಕಟ್ಟಡ ನಿಯಮದಲ್ಲೇ ಇದೆ, ಪ್ಲಾನ್ ಪಾಸ್ ಮಾಡುವಾಗ ನೋಡುತ್ತಾರೆ. ಕೇಳಲು ಸುಲಭ ಅಲ್ವಾ? ಈಗ ಲೆಕ್ಕ ಹಾಕಿ. ಹತ್ತು ಸೆಂಟ್ಸ್ ಎಂದರೆ ಸುಮಾರು 405 ಚದರ ಮೀಟರ್, ಚೌಕ ಜಾಗವಾದರೆ 20ಕ್ಕೆ 20. ಬಾವಿಯ ಸುತ್ತ ಏಳೂವರೆ ಮೀಟರ್ ವೃತ್ತ ಎಳೆದರೆ ಅದೇ 177 ಚದರ ಮೀಟರ್ ತಿನ್ನುತ್ತದೆ. ನಾಲ್ಕು ಸೆಂಟ್ಸ್‌ಗಿಂತ ಜಾಸ್ತಿ. ಹಾಗಾದ್ರೆ ಬಾವಿಯನ್ನು ಮೂಲೆಗೆ ತಳ್ಳುತ್ತೇನೆ ಎನ್ನುತ್ತೀರಿ. ಗಡಿಯಿಂದ ಒಂದೂವರೆ ಮೀಟರ್ ಬಿಟ್ಟು ತೋಡಬಹುದು, ಸರಿ, ಆದರೆ ವೃತ್ತ ಆಗ ಪಕ್ಕದವರ ಜಾಗಕ್ಕೆ ಹೋಗುತ್ತದೆ, ಅವರ ಗುಂಡಿ ಅಲ್ಲೇ ಇದ್ದರೆ ನಿಮ್ಮ ಬಾವಿಗೆ ಜಾಗ ಇಲ್ಲ. ಅವರ ಬಾವಿ ಬೇಲಿಯ ಹತ್ತಿರ ಇದ್ದರೆ ಅದೇ ಕಥೆ ಉಲ್ಟಾ: ನಿಮ್ಮ ಗುಂಡಿಗೆ ಜಾಗ ಇಲ್ಲ. ಐದು ಸೆಂಟ್ಸ್ ತೆಗೆದುಕೊಂಡವರ ಪಾಡು ಕೇಳಲೇಬೇಡಿ. ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆ ಟೇಪ್ ಹಿಡಿದು ನಾಲ್ಕೂ ಬದಿಯ ಮನೆಯವರ ಬಾವಿ ಎಲ್ಲಿ, ಗುಂಡಿ ಎಲ್ಲಿ ಎಂದು ನೋಡಿ ಬನ್ನಿ. ಸಂಕೋಚ ಬೇಡ, ಇಲ್ಲಿ ಎಲ್ಲರೂ ಕೇಳುತ್ತಾರೆ.

ಇನ್ನೊಂದು, ಈ ಏಳೂವರೆ ಮೀಟರನ್ನು ಪೂರ್ತಿ ನಂಬಬೇಡಿ. ನಮ್ಮದು ಕೆಂಪು ಕಲ್ಲಿನ ನೆಲ. ಕಲ್ಲಿನ ತುಂಬಾ ತೂತು, ಮಳೆ ಬಿದ್ದದ್ದು ಸರ್ರನೆ ಒಳಗೆ ಇಳಿಯುತ್ತದೆ, ಅದರ ಜೊತೆ ಗುಂಡಿಯದ್ದೂ ಇಳಿಯುತ್ತದೆ. ನಿಯಮ ಟೇಪಿನಲ್ಲಿ ಅಳೆಯುತ್ತದೆ, ನೀರು ಇಳಿಜಾರು ನೋಡಿ ಹೋಗುತ್ತದೆ. ಗುಂಡಿ ಮೇಲೆ, ಬಾವಿ ಕೆಳಗೆ ಆದರೆ ಹದಿನೈದು ಮೀಟರ್ ಇದ್ದರೂ ನನಗೆ ಧೈರ್ಯ ಇಲ್ಲ. ಕೇರಳದ ತೆರೆದ ಬಾವಿಗಳಲ್ಲಿ ಕೋಲಿಫಾರ್ಮ್, ಅಂದರೆ ಕೊಳಚೆ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ, ಸಿಗುವುದು ಹೊಸ ಸುದ್ದಿಯೇನೂ ಅಲ್ಲ. ನೀರು ಕಾಯಿಸಿಯೇ ಕುಡಿಯಿರಿ.

ಸುರಂಗದ ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನಮ್ಮ ಗುಡ್ಡೆಗಳಲ್ಲಿ ಕೆಂಪು ಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತೆಗೆಯುತ್ತಾರೆ. ಒಬ್ಬ ಆಳು ನುಗ್ಗುವಷ್ಟು ಅಗಲ, ಪಂಪ್ ಬೇಡ, ಕರೆಂಟ್ ಬೇಡ, ನೀರು ತಾನಾಗಿ ಹರಿದು ಟ್ಯಾಂಕಿಗೆ ಬರುತ್ತದೆ. ಜಿಲ್ಲೆಯಲ್ಲಿ ಇಂಥವು ಸಾವಿರಾರು ಇವೆ. ತೊಂದರೆ ಎಲ್ಲಿ ಎಂದರೆ, ಸುರಂಗದ ಬಾಯಿ ನಿಮ್ಮ ಜಾಗದಲ್ಲಿ ಇರುತ್ತದೆ, ನೀರು ಜಿನುಗುವ ತುದಿ ಇನ್ಯಾರದ್ದೋ ರಬ್ಬರ್ ತೋಟದ ಅಡಿಯಲ್ಲಿ ಇರುತ್ತದೆ. ಬಾಯಿಯಿಂದ ಏಳೂವರೆ ಮೀಟರ್ ಅಳೆದು ಏನು ಪ್ರಯೋಜನ? ಮೇಲಿನವರು ಬೋರ್‌ವೆಲ್ ಹೊಡೆಸಿದರೆ, ಕಲ್ಲಿನ ಕೋರೆ ಮಾಡಿದರೆ, ಕೆಳಗೆ ನೀರು ಸಣ್ಣಗಾಗುತ್ತದೆ. ಆಮೇಲೆ ಜಗಳ. "ಸುರಂಗದ ನೀರು ಉಂಟು" ಎಂದು ಮಾರುವವರು ಹೇಳಿದರೆ ಅದು ಯಾರ ಜಾಗದ ಅಡಿಗೆ ಹೋಗಿದೆ ಎಂದು ಕೇಳಿ.

ಗುಡ್ಡೆಯ ಮೇಲೆ ಏನು ಮಾಡುತ್ತಾರೆ ಎನ್ನುವುದು ನಮಗೆ ಸಣ್ಣ ವಿಷಯ ಅಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆಯ ಹೆಸರು ನೀವೂ ಕೇಳಿರಬಹುದು. ಸರ್ಕಾರಿ ಗೇರು ತೋಟಕ್ಕೆ 2000ನೇ ಇಸವಿವರೆಗೆ, ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ, ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ವಿಷದ ಕೀಟನಾಶಕ ಬಿಟ್ಟರು. ತೋಟ ಮೇಲೆ, ತೋಡು (ಹಳ್ಳ), ಸುರಂಗ, ಮನೆ ಎಲ್ಲ ಕೆಳಗೆ. ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ.

ಗದ್ದೆ ಜಾಗ ಕಡಿಮೆ ರೇಟಿಗೆ ಸಿಗುತ್ತದೆ ಎಂದು ಬ್ರೋಕರ್ ಹೇಳಿದರೆ ಅಲ್ಲೇ ನಿಲ್ಲಿ. 2008ರ ಗದ್ದೆ ಸಂರಕ್ಷಣಾ ಕಾನೂನು ಇಲ್ಲಿ ಬಹಳ ಬಿಗಿ. ಪಂಚಾಯತಿನ ಡೇಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆಗಳ ಪಟ್ಟಿಯಲ್ಲಿ, ಆ ಸರ್ವೆ ನಂಬರ್ ಗದ್ದೆ ಎಂದು ಇದ್ದರೆ ಮಣ್ಣು ತುಂಬಿಸುವ ಹಾಗಿಲ್ಲ. ಮಾಲೀಕನ ಸ್ವಂತ ಮನೆಗೆಂದು ಹತ್ತು ಸೆಂಟ್ಸ್‌ವರೆಗೆ ಒಂದು ದಾರಿ ಇದೆ. ಅದಕ್ಕೆ ಪಂಚಾಯತ್ ಅಧ್ಯಕ್ಷರು, ಕೃಷಿ ಅಧಿಕಾರಿ ಎಲ್ಲ ಇರುವ ಸಮಿತಿಯ ಶಿಫಾರಸು ಬೇಕು. ಹೊರಗಿನಿಂದ ಬಂದು ಹೊಸದಾಗಿ ಕೊಳ್ಳುವವರು ಅದನ್ನು ನೆಚ್ಚಿಕೊಳ್ಳುವುದು ಬೇಡ. ಡೇಟಾ ಬ್ಯಾಂಕಿನಲ್ಲಿ ಇಲ್ಲದೆ, ಕಂದಾಯ ದಾಖಲೆಯಲ್ಲಿ ಮಾತ್ರ ಗದ್ದೆ ಎಂದಿದ್ದರೆ 2018ರ ತಿದ್ದುಪಡಿಯ ಪ್ರಕಾರ ಅರ್ಜಿ ಹಾಕಬಹುದು, ಆದರೆ 50 ಸೆಂಟ್ಸ್ ದಾಟಿದರೆ ಹತ್ತರಲ್ಲಿ ಒಂದು ಪಾಲು ನೀರು ಇಂಗಿಸಲು ಬಿಡಬೇಕು. ಈ ಕಾನೂನಿಗೆ ಬೈಯುವವರು ಇಲ್ಲಿ ತುಂಬಾ ಜನ. ನಾನು ಬೈಯುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರಲ್ಲಿ ಏಪ್ರಿಲ್‌ಗೆ ಟ್ಯಾಂಕರ್ ಬರುತ್ತದೆ ಎಂದರೆ, ನೀರು ನಿಲ್ಲುವ ಜಾಗಕ್ಕೆಲ್ಲ ಮಣ್ಣು ಹಾಕಿದ್ದೂ ಒಂದು ಕಾರಣ. ಗದ್ದೆ ತುಂಬಿಸಿದ ಬಯಲಿನ ಬಾವಿಗಳನ್ನು ಬೇಸಿಗೆಯಲ್ಲಿ ಒಮ್ಮೆ ಇಣುಕಿ ನೋಡಿ.

ತೋಡಿನ ಬದಿ ಜಾಗ ಸಿಕ್ಕಿದರೆ ಕಟ್ಟದ ವಿಷಯ ವಿಚಾರಿಸಿ. ಮಳೆ ನಿಂತ ಮೇಲೆ ಊರವರು ಸೇರಿ ತೋಡಿಗೆ ಅಡ್ಡ ಕಟ್ಟ ಹಾಕುತ್ತಾರೆ, ಏತಡ್ಕದ ಕಡೆ ಈಗಲೂ ಇದೆ. ಕಾನೂನಿನಲ್ಲಿ ಕಡ್ಡಾಯ ಏನೂ ಇಲ್ಲ. ಆದರೂ ಕಟ್ಟದಿಂದ ನಿಮ್ಮ ಬಾವಿಯ ನೀರು ಮೇಲೆ ಬರುತ್ತದಲ್ಲ, ಪಾಲಿನ ದುಡ್ಡೋ ಕೆಲಸವೋ ಕೊಡಬೇಕಾಗುತ್ತದೆ.

ಜಾಗ ನೋಡಲು ಆಗಸ್ಟ್‌ನಲ್ಲಿ ಬರಬೇಡಿ, ಆಗ ಎಲ್ಲ ಬಾವಿಯೂ ತುಂಬಿರುತ್ತದೆ. ಏಪ್ರಿಲ್ ಕೊನೆಗೆ ಬನ್ನಿ. ಸರ್ವೆ ನಂಬರ್ ಹಿಡಿದು ಮೊದಲು ಕೃಷಿಭವನದಲ್ಲಿ ಡೇಟಾ ಬ್ಯಾಂಕ್ ನೋಡಿ, ಆಮೇಲೆ ವಿಲ್ಲೇಜ್ ಆಫೀಸ್. ಫಾರ್ಮ್ ಎಲ್ಲ ಮಲಯಾಳಂನಲ್ಲಿ ಇದ್ದರೆ ಹೆದರಬೇಡಿ. ಇಲ್ಲಿನ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಬಹುದು ಎಂದು ಕೇರಳದ 1969ರ ಭಾಷಾ ಕಾನೂನಿನಲ್ಲೇ ಇದೆ. ಉತ್ತರ ಮಲಯಾಳಂನಲ್ಲಿ ಬಂದರೆ ಓದಿ ಹೇಳಲು ಅಕ್ಕಪಕ್ಕದಲ್ಲಿ ಯಾರಾದರೂ ಸಿಗುತ್ತಾರೆ.